ಹೆಸರು ಬೆಣ್ಣೇದು, ಕೆಲಸ ಮಂಡಕ್ಕೀದು

ಹೋದ ತಿಂಗಳು ನಮ್ಮ ಷಡ್ಡಕ ಬೆಂಗಳೂರಿಂದ ಫೋನ್ ಮಾಡಿ "ಅಣ್ಣ, ಶನಿವಾರ ವಂದೇ ಭಾರತ್ ಹತ್ತಿ ಬರ್ತಿದೀವಿ, ಇಳಿದ ತಕ್ಷಣ ಸೀದಾ ಬೆಣ್ಣೆ ದೋಸೆ, ಒರಿಜಿನಲ್ ಎಲ್ಲಿ ಸಿಗುತ್ತೋ ಅಲ್ಲಿಗೇ ಕರ್ಕೊಂಡು ಹೋಗ್ಬೇಕು" ಅಂದ. ಈ ಒರಿಜಿನಲ್ ಅನ್ನೋ ಮಾತು ಕಿವಿಗೆ ಬಿದ್ರೆ ದಾವಣಗೆರೆಯವ್ರಿಗೆ ಹೊಟ್ಟೇಲಿ ಸಣ್ಣಗೆ ಸಂಕಟ ಶುರುವಾಗುತ್ತೆ. ಯಾಕಂದ್ರೆ ನಮ್ಮನೇಲಿ ಇರೋದೇ ನಾಲ್ಕು ಜನ, ಒರಿಜಿನಲ್ಲೂ ನಾಲ್ಕಿದಾವೆ. ನನ್ನ ಹೆಂಡ್ತಿ ಪಿಜೆ ಬಡಾವಣೆ ಕಡೆ ಅಂತಾಳೆ, ಮಗ ಕಾಲೇಜ್ ಹುಡುಗ್ರ ಜೊತೆ ಇನ್ನೆಲ್ಲೋ ತಿಂದು ಬಂದು ಅದೇ ಬೆಸ್ಟ್ ಅಂತಾನೆ, ನಮ್ಮವ್ವಂಗೆ ಈಗಿನ ಯಾವ ದೋಸೇನೂ ದೋಸೆ ಅಲ್ಲ, ಅವ್ಳ ಒರಿಜಿನಲ್ ಹೋಟ್ಲು ಮುಚ್ಚಿ ಇಪ್ಪತ್ತು ವರ್ಷ ಆಯ್ತು. ನಾನು ಮಾತ್ರ ಗಾಡಿ ಎಲ್ಲಿ ನಿಲ್ಸೋಕೆ ಜಾಗ ಸಿಗುತ್ತೋ ಅಲ್ಲಿ ತಿಂತೀನಿ, ಆದ್ರೆ ಇದನ್ನ ನೆಂಟರ ಮುಂದೆ ಹೇಳೋಕಾಗಲ್ಲ.

ಒಂಬತ್ತು ಗಂಟೆ ದಾಟಿದ ಮೇಲೆ ಟ್ರೇನ್ ಇಳಿದ್ರು, ಕರ್ಕೊಂಡು ಹೋದೆ. ಭಾನುವಾರ ಸಂತೆ ಇದ್ದಂಗೆ ಜನ, ಯಾರು ಎದ್ದೇಳ್ತಾರೆ ಅಂತ ತಿನ್ನೋರ ಬೆನ್ನಿಗೇ ನಿಂತ್ಕೊಂಡು ಕಾಯೋದು, ಎದುರಿಗೆ ಕೂತೋರು ಕೊನೇ ತುತ್ತನ್ನ ಬೇಕಂತಲೇ ನಿಧಾನ ಮಾಡ್ತಿದಾರೇನೋ ಅಂತ ಅನುಮಾನ ಪಡೋದು. ಒಳಗಡೆ ಸೌದೆ ಒಲೆ, ಅದರ ಮೇಲೆ ಕಟ್ಟೆ ಅಷ್ಟಗಲದ ಹಂಚು, ತೆಂಗಿನ ಪೊರಕೇಲಿ ನೀರು ಬಡಿದ್ರೆ ಚುಂಯ್ ಅನ್ನೋ ಸದ್ದು. ದೋಸೆ ಬಂತು, ಮೇಲೆ ಬೆಣ್ಣೆ ಕರಗ್ತಾ ಇದೆ, ಪಕ್ಕದಲ್ಲಿ ಅರಿಶಿನ ಹಾಕದ ಬೆಳ್ಳನೆ ಆಲೂಗಡ್ಡೆ ಪಲ್ಯ, ನೀರು ನೀರಾಗಿರೋ ಕಾಯಿ ಚಟ್ನಿ. ಷಡ್ಡಕನ ಮಗಳು ಏಳೆಂಟು ವರ್ಷದ್ದು, "ಸಾಂಬಾರ್ ಎಲ್ಲಿ?" ಅಂತು. ಸಪ್ಲೈ ಮಾಡ್ತಿದ್ದೋನು ಆ ಮಗೂನ ಒಂದ್ಸಲ, ನನ್ನ ಒಂದ್ಸಲ ನೋಡ್ದ. ನಾನು ಚಟ್ನಿ ಬಟ್ಲು ಕಡೆ ನೋಡ್ದೆ.

ಬೆಂಗಳೂರಲ್ಲಿ ಪ್ರತಿ ಏರಿಯಾದಲ್ಲೂ "ದಾವಣಗೆರೆ ಬೆಣ್ಣೆ ದೋಸೆ" ಅಂತ ಬೋರ್ಡ್ ಇರುತ್ತೆ, ಇಲ್ಲಿ ಬಂದು ಯಾರಾದ್ರೂ "ಒಂದು ದಾವಣಗೆರೆ ದೋಸೆ ಕೊಡಿ" ಅಂದ್ರೆ ಸಾಕು, ಬಸ್ ಇಳಿದು ಬಂದೋರು ಅಂತ ಇಡೀ ಹೋಟ್ಲಿಗೆ ಗೊತ್ತಾಗುತ್ತೆ. ನಾವು ಕೇಳೋದು ಬೆಣ್ಣೆ, ಖಾಲಿ, ಓಪನ್ ಅಷ್ಟೇ. ಈ ದೋಸೆಗೆ ಊರಲ್ಲಿ ಒಂದು ಕಥೆ ಹೇಳ್ತಾರೆ, ಬೆಳಗಾವಿ ಕಡೆಯ ಬಿಡಕಿ ಅನ್ನೋ ಹಳ್ಳಿಯಿಂದ ಚೆನ್ನಮ್ಮ ಅನ್ನೋ ತಾಯಿ ಮಕ್ಕಳನ್ನ ಕಟ್ಕೊಂಡು 1928 ರ ಸುಮಾರಿಗೆ ಇಲ್ಲಿಗೆ ಬಂದು, ನಾಟಕ ನಡಿಯೋ ಜಾಗದ ಹತ್ರ ರಾಗಿ ದೋಸೆ ಹೊಯ್ಯೋಕೆ ಶುರು ಮಾಡಿದ್ರು, ಆಮೇಲೆ ಮಕ್ಕಳ ಕಾಲಕ್ಕೆ ರಾಗಿ ಹೋಗಿ ಅಕ್ಕಿ, ಉದ್ದು, ಮಂಡಕ್ಕಿ ಬಂತು, ಬೆಣ್ಣೆ ಬಿತ್ತು, ಹೆಸರೂ ಬಂತು ಅಂತ. ಷಡ್ಡಕಂಗೆ ಈ ಕಥೆ ಹೇಳ್ತಾ ಇದ್ದೆ, ಅವ್ನು ತಿನ್ನೋದು ನಿಲ್ಸಿ "ಮಂಡಕ್ಕಿನಾ? ದೋಸೆ ಹಿಟ್ಟಿಗಾ?" ಅಂದ.

ಹೌದು, ಮಂಡಕ್ಕಿ. ದೋಸೆ ಒಳಗೆ ಮೆತ್ತಗೆ ಹತ್ತಿ ಥರ ಇದ್ದು ಹೊರಗೆ ಗರಿಗರಿ ಆಗೋದಕ್ಕೆ ಮಂಡಕ್ಕಿ ರುಬ್ಬಿ ಹಾಕಿರೋದೂ ಒಂದು ಕಾರಣ. ಫೋಟೋ ಹೊಡೆಸ್ಕೊಳ್ಳೋದು ಮಾತ್ರ ಬೆಣ್ಣೆ. ನಂಗೆ ಈ ವಿಷ್ಯದಲ್ಲಿ ಬಹಳ ದಿನದಿಂದ ಒಂದು ಸಿಟ್ಟಿದೆ. ದಾವಣಗೆರೆ ಅಂದ ತಕ್ಷಣ ಎಲ್ರೂ ಬೆಣ್ಣೆ ಅಂತಾರೆ, ಆದ್ರೆ ಈ ಊರಲ್ಲಿ ದಿನಾ ಬೆಣ್ಣೆ ದೋಸೆ ತಿನ್ನೋರು ಯಾರಿದಾರೆ? ಸಂಬಳ ಆದಾಗ, ನೆಂಟರು ಬಂದಾಗ, ಭಾನುವಾರ ಹೆಂಡ್ತಿ ಮುನಿಸ್ಕೊಂಡಾಗ. ದಿನಾ ಸಂಜೆ ಊರು ತಿನ್ನೋದು ಮಂಡಕ್ಕಿ.

ಇದನ್ನೇ ಮೈಸೂರು, ಬೆಂಗಳೂರಲ್ಲಿ ಕಡ್ಲೆಪುರಿ ಅಂತಾರೆ, ಹುಬ್ಬಳ್ಳಿ ಕಡೆ ಚುರಮರಿ ಅಂತಾರೆ. ಕಡ್ಲೆಪುರಿ ಅಂದ್ರೆ ನಂಗ್ಯಾಕೋ ದೇವಸ್ಥಾನದ ಜಾತ್ರೇಲಿ ಮಕ್ಕಳಿಗೆ ಕೊಡಿಸೋ ಐಟಂ ಅನ್ಸುತ್ತೆ. ಮಂಡಕ್ಕಿ ಅಂದ್ರೆ ಊಟ. ನಮ್ಮಪ್ಪ ಬಟ್ಟೆ ಮಿಲ್ಲಲ್ಲಿ ಕೆಲಸಕ್ಕಿದ್ರು, ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲ ಅದು, ಸೈರನ್ ಆದ್ರೆ ಊರಿಗೇ ಟೈಮ್ ಗೊತ್ತಾಗ್ತಿತ್ತು. ಶಿಫ್ಟ್ ಮುಗಿಸ್ಕೊಂಡು ಬರ್ತಾ ಪೇಪರಲ್ಲಿ ಮಂಡಕ್ಕಿ, ಎಣ್ಣೆ ಸೋರ್ತಿರೋ ನಾಲ್ಕು ಮೆಣಸಿನಕಾಯಿ ತರೋರು. ಮೆಣಸಿನಕಾಯಿ ಅಂದ್ರೆ ನಮ್ಮಲ್ಲಿ ಬಜ್ಜಿ ಅಂತ ಬೇರೆ ಹೇಳೋ ಅಗತ್ಯ ಇಲ್ಲ, ಮಂಡಕ್ಕಿ ಪಕ್ಕದಲ್ಲಿ ಮೆಣಸಿನಕಾಯಿ ಬಂದ್ರೆ ಅದು ಕಡ್ಲೆಹಿಟ್ಟಿನ ಅಂಗಿ ಹಾಕ್ಕೊಂಡೇ ಬಂದಿರುತ್ತೆ. ಐದು ಜನ ಸುತ್ತ ಕೂತ್ಕೊಂಡು ಒಂದೇ ಪೇಪರಿಂದ ತಿಂದು, ಮೇಲೆ ತಂಬಿಗೆ ನೀರು ಕುಡಿದ್ರೆ ರಾತ್ರಿ ಊಟಕ್ಕೆ ಅರ್ಧ ಅಕ್ಕಿ ಸಾಕಾಗ್ತಿತ್ತು. ಕಡಿಮೆ ದುಡ್ಡಲ್ಲಿ ಜಾಸ್ತಿ ಜಾಗ ತುಂಬೋ ತಿಂಡಿ ಇನ್ನೊಂದಿಲ್ಲ. ಮಿಲ್ಲುಗಳು ಒಂದೊಂದೇ ಬಾಗ್ಲು ಹಾಕಿದ್ವು, ಸೈರನ್ ನಿಂತೋಯ್ತು, ಆದ್ರೆ ಸಂಜೆ ಐದೂವರೆಗೆ ಊರಿಗೆ ಹಸಿವಾಗೋದು ನಿಂತಿಲ್ಲ.

ಮಂಡಕ್ಕಿ ಹುಟ್ಟೋ ಜಾಗಾನೂ ಊರೊಳಗೇ ಇದೆ. ಭಟ್ಟಿ ಅಂತೀವಿ, ಹಳೇ ಊರಿನ ಆ ಕಡೆ ಬೀದಿಗೆ ಬೀದೀನೇ ಮಂಡಕ್ಕಿ ಭಟ್ಟಿ. ಭದ್ರಾ ಕಾಲುವೆ ನೀರಲ್ಲಿ ಸುತ್ತಮುತ್ತ ಎಲ್ಲ ಭತ್ತ, ಆ ಭತ್ತ ನೆನೆಸಿ, ಕಾಯಿಸಿ, ಒಣಗಿಸಿ, ಹೊಟ್ಟು ತೆಗೆದು, ಬಂದ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕೆಂಡದಂಗೆ ಕಾದಿರೋ ಮರಳಿಗೆ ಸುರಿದ್ರೆ ಒಳಗಿದ್ದ ತೇವ ಹಬೆಯಾಗಿ ಅಕ್ಕಿ ಪಟ್ಟಂತ ಊದ್ಕೊಳ್ಳುತ್ತೆ, ಕಣ್ಣು ಮಿಟುಕಿಸೋದ್ರೊಳಗೆ ಜರಡಿಗೆ ಎತ್ತಬೇಕು, ಇಲ್ಲಾಂದ್ರೆ ಕಪ್ಪು. ಚಿಕ್ಕೋನಿದ್ದಾಗ ಅಪ್ಪನ ಜೊತೆ ಅಲ್ಲಿಗೆ ಹೋಗ್ತಿದ್ದೆ, ಸೇರಿನ ಲೆಕ್ಕದಲ್ಲಿ ಬಿಸಿ ಬಿಸಿ ಮಂಡಕ್ಕಿ ಅಳೆದು ಕೊಡೋರು, ಸೇರಿನ ಮೇಲೆ ಗೋಪುರ ಮಾಡಿ ಮತ್ತೆ ಒಂದು ಹಿಡಿ. ಚೀಲ ನಮ್ಮಪ್ಪನ ಅರ್ಧ ಎತ್ತರ, ಹೊತ್ಕೊಳ್ತಿದ್ದೋನು ನಾನು! ನೋಡೋರೆಲ್ಲ ಭಲೇ ಹುಡುಗ ಅಂದ್ಕೊಳ್ಳೋರು. ಹಂಗಂತ ಭಟ್ಟಿ ಬಗ್ಗೆ ಬರೀ ಸಿಹಿ ಮಾತಾಡಿದ್ರೆ ತಪ್ಪಾಗುತ್ತೆ, ಆ ಹೊಗೆ, ಆ ಶಾಖ, ಬೇಸಿಗೇಲಿ ಒಲೆ ಮುಂದೆ ನಿಲ್ಲೋರ ಪಾಡು ನೋಡಕ್ಕಾಗಲ್ಲ, ಒಲೆಗೆ ಹಳೇ ಟೈರ್ ಹಾಕ್ತಾರೆ ಅನ್ನೋ ದೂರು ಪೇಪರಲ್ಲಿ ಎಷ್ಟೋ ಸಲ ಬಂದಿದೆ. ನಮ್ಮ ಬಾಯಿಗೆ ಹಗುರ ಇರೋದು ಅವ್ರ ಎದೆಗೆ ಭಾರಾನೇ.

ಸರಿ, ಷಡ್ಡಕನ ಕಥೆಗೆ ಬರ್ತೀನಿ. ಮಧ್ಯಾಹ್ನ ಖಾನಾವಳಿ ರೊಟ್ಟಿ ಊಟ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಆಮೇಲೆ ಎಲ್ರೂ ಫ್ಯಾನ್ ಕೆಳಗೆ ಬಿದ್ಕೊಂಡ್ವಿ, ಅದರ ಬಗ್ಗೆ ಹೇಳೋದೇನಿಲ್ಲ. ಸಂಜೆ ರಾಂ ಅಂಡ್ ಕೋ ಸರ್ಕಲ್ ಕಡೆ ಹೊರಟ್ವಿ. "ಅಲ್ಲಿ ಯಾವ ಹೋಟ್ಲು ಅಣ್ಣ?" ಅಂದ. ಹೋಟ್ಲಿಲ್ಲ, ಗಾಡಿ ಅಂದೆ. ಮುಖ ಸ್ವಲ್ಪ ಸಣ್ಣ ಆಯ್ತು. ಮೊಬೈಲ್ ತೆಗ್ದು ರೇಟಿಂಗ್ ನೋಡೋಕೆ ಶುರು ಮಾಡ್ದ. ಅಲ್ಲಪ್ಪಾ, ಇವತ್ತು ಈ ಮರದ ಕೆಳಗೆ, ನಾಳೆ ಪೊಲೀಸಿನೋರು ಎಬ್ಬಿಸಿದ್ರೆ ಆ ಕಾಂಪೌಂಡ್ ಪಕ್ಕ ನಿಲ್ಲೋ ಗಾಡಿಗೆ ಎಲ್ಲಿ ಸ್ಟಾರ್ ಕೊಡ್ತಾರೆ? ಸುತ್ತ ನಿಂತ ಸ್ಕೂಟರ್ ಎಣಿಸ್ಕೊಳ್ಬೇಕು, ಅದೇ ರೇಟಿಂಗು. ಹತ್ತಕ್ಕಿಂತ ಜಾಸ್ತಿ ಇದ್ರೆ ನಿಂತ್ಕೊಳ್ಳೋದು, ಅದರಲ್ಲಿ ಬಿಳಿ ಕೋಟು ಹಾಕಿರೋ ಮೆಡಿಕಲ್ ಕಾಲೇಜ್ ಹುಡುಗ್ರು ಇದ್ರೆ ಇನ್ನೂ ಧೈರ್ಯ. ಎಲ್ಲೆಲ್ಲಿಂದಲೋ ಓದೋಕೆ ಬಂದಿರ್ತಾವೆ, ಕನ್ನಡ ಅಂತ ಮೊದಲು ಕಲಿಯೋದೇ "ಅಣ್ಣ, ಖಾರ ಕಮ್ಮಿ", ಮೂರನೇ ವರ್ಷಕ್ಕೆ "ಅಣ್ಣ, ಇನ್ನೆರಡು ಮೆಣಸಿನಕಾಯಿ".

ಗಾಡೀಲಿ ಮಂಡಕ್ಕಿ ಒಂದೇ ಥರ ಇರಲ್ಲ. ಖಾರ ಮಂಡಕ್ಕಿ ಇದೆ, ಗಿರ್ಮಿಟ್ ಇದೆ, ನೆನೆಸಿ ಹಿಂಡಿ ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಹಾಕಿ ಮಾಡಿದ ಒಗ್ಗರಣೆ ಮಂಡಕ್ಕಿ ಇದೆ, ಇವೆಲ್ಲದಕ್ಕೂ ಮಹಾರಾಣಿ ಅಂದ್ರೆ ನರ್ಗಿಸ್. ಹೌದು, ಹೆಸರೇ ನರ್ಗಿಸ್ ಮಂಡಕ್ಕಿ. ಈರುಳ್ಳಿ, ಟೊಮೇಟೊ, ಕೊತ್ತಂಬರಿ, ಹುರಿಗಡಲೆ ಪುಡಿ, ಮೇಲೆ ನಿಂಬೆಹಣ್ಣು, ಕೈ ಆಡಿಸೋದು ನೋಡಿದ್ರೆ ತಬಲಾ ಬಾರಿಸ್ದಂಗೆ. ಇಷ್ಟು ಬಡ ತಿಂಡಿಗೆ ಇಷ್ಟು ಸಿನಿಮಾ ಹೆಸರು ಯಾಕ್ರಿ ಅಂತ ಷಡ್ಡಕ ಕೇಳ್ದ, ಗಾಡಿಯೋನು ನಕ್ಕು ಇನ್ನರ್ಧ ಹೋಳು ನಿಂಬೆಹಣ್ಣು ಹಿಂಡ್ದ. ಅದೇ ಉತ್ತರ.

ತಿನ್ನೋದಕ್ಕೂ ಒಂದು ಕ್ರಮ ಇದೆ. ಮೆಣಸಿನಕಾಯಿ ಮೊದಲು ಕಚ್ಚಬೇಕು, ನಾಲಿಗೆ ಹತ್ಕೊಂಡು ಉರಿಯೋಕೆ ಇನ್ನೊಂದು ಕ್ಷಣ ಇದೆ ಅನ್ನೋವಾಗ ಒಂದು ಹಿಡಿ ಮಂಡಕ್ಕಿ ಬಾಯಿಗೆ ಎಸೀಬೇಕು, ಅದು ಆ ಎಣ್ಣೇನೂ ಖಾರಾನೂ ಹೀರ್ಕೊಂಡು ಕರಗೋಗುತ್ತೆ. ಮಾತಾಡ್ಕೊಂಡು ನಿಂತ್ರೆ ಕೆಲಸ ಕೆಡ್ತು. ಕಲಸಿದ ಮೇಲೆ ಮಂಡಕ್ಕಿ ಗರಿಗರಿ ಇರೋದು ಐದು ನಿಮಿಷ, ಆಮೇಲೆ ಒದ್ದೆ ಬಟ್ಟೆ. ಅದಕ್ಕೇ ಇದನ್ನ ಆರ್ಡರ್ ಮಾಡಿ ಮನೆಗೆ ತರಿಸ್ಕೊಂಡ್ರೆ ಪ್ರಯೋಜನ ಇಲ್ಲ, ಡೆಲಿವರಿ ಹುಡುಗ ಎಷ್ಟು ಜೋರಾಗಿ ಬಂದ್ರೂ ಟೊಮೇಟೊ ಅವನಿಗಿಂತ ಮುಂಚೆ ಕೆಲಸ ಮುಗಿಸಿರುತ್ತೆ. ದೋಸೆ ಬೋರ್ಡ್ ಹಾಕ್ಕೊಂಡು ಬೆಂಗಳೂರಿಗೆ ಹೋಯ್ತು, ನರ್ಗಿಸ್ ಸರ್ಕಲ್ ದಾಟಿ ಮನೇವರೆಗೂ ಬರಲ್ಲ. ಹೆಸರು ಬರದೇ ಇದ್ದಿದ್ದಕ್ಕೆ ಇದೂ ಒಂದು ಕಾರಣ ಇರ್ಬೇಕು. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಬಿಡಿ, ಇಲ್ಲಾಂದ್ರೆ ಇಲ್ಲೂ ಬೆನ್ನಿಗೆ ನಿಂತು ಕಾಯ್ಬೇಕಿತ್ತು.

ಆ ಹುಡುಗಿ, ಬೆಳಿಗ್ಗೆ ಸಾಂಬಾರ್ ಕೇಳಿದ್ಲಲ್ಲ, ಎರಡು ಪ್ಲೇಟ್ ತಿಂದ್ಲು. ಅವಳಪ್ಪ ಮೆಣಸಿನಕಾಯಿ ಕಚ್ಚಿ ಕ್ರಮ ತಪ್ಪಿಸಿ, ಕಣ್ಣಲ್ಲಿ ನೀರು ಹಾಕ್ಕೊಂಡು ಮಸಾಲೆ ಸೋಡಾ ಗಾಡಿ ಹುಡುಕ್ಕೊಂಡು ಹೋದ. ಆಮೇಲೆ ಬೈ ಟೂ ಟೀ. ಮೂರು ಜನಕ್ಕೆ ಎರಡು ಟೀ ಹೇಳಿ ಮೂರು ಲೋಟ ಕೇಳಿದ್ರೂ ನಮ್ಮೂರ ಟೀ ಅಂಗಡಿಯೋನು ಮುಖ ಗಂಟು ಹಾಕಲ್ಲ, ಲೋಟದಿಂದ ಲೋಟಕ್ಕೆ ನ್ಯಾಯವಾಗಿ ಹಂಚ್ತಾನೆ, ಆಸ್ತಿ ಪಾಲು ಮಾಡೋರು ಬಂದು ನೋಡ್ಬೇಕು.

ಮಾರನೇ ದಿನ ಮಧ್ಯಾಹ್ನದ ಟ್ರೇನಿಗೆ ವಾಪಸ್. ಹೊರಡೋ ಮುಂಚೆ ಷಡ್ಡಕಂಗೆ ಮಂಡಕ್ಕಿ ಹುಚ್ಚು ಹಿಡಿದಿತ್ತು, ಬೇಕೇ ಬೇಕು ಅಂತ ಭಟ್ಟಿಗೇ ಹೋಗಿ ದೊಡ್ಡ ಪ್ಲಾಸ್ಟಿಕ್ ಚೀಲ ತುಂಬಿಸ್ಕೊಂಡ. ವಂದೇ ಭಾರತಿನ ಆ ಥಳಥಳ ಬೋಗಿ ಒಳಗೆ, ಎಲ್ರ ಟ್ರಾಲಿ ಬ್ಯಾಗುಗಳ ಮಧ್ಯೆ, ಮೇಲಿನ ರ್‍ಯಾಕ್ ಅರ್ಧ ತುಂಬ್ಕೊಂಡು ಕೂತಿತ್ತು ನಮ್ಮೂರ ಮಂಡಕ್ಕಿ. ಯಾರೋ ಸೂಟ್ಕೇಸ್ ಇಡೋಕೆ ಬಂದೋರು "ಏನ್ ಸಾರ್ ಇದು ಇಷ್ಟು ದೊಡ್ಡದು" ಅಂತ ಎತ್ತೋಕೆ ಎರಡೂ ಕೈ ಹಾಕಿ, ಜೋರಾಗಿ ಎತ್ತಿ, ಚೀಲ ಚಾವಣಿಗೆ ಬಡಿದು, ಪಾಪ, ತಾವೇ ಹಿಂದಕ್ಕೆ ವಾಲಿದ್ರಂತೆ.

ನಾಲ್ಕು ದಿನ ಬಿಟ್ಟು ಫೋನ್ ಬಂತು. ಬೆಂಗಳೂರಲ್ಲಿ ಮಳೆ, ಚೀಲದ ಬಾಯಿ ಸರಿಯಾಗಿ ಕಟ್ಟಿಲ್ಲ. "ಅಣ್ಣ, ಎಲ್ಲಾ ಮೆತ್ತಗಾಗೋಗಿದೆ, ಅರ್ಧ ಚೀಲ ಇನ್ನೂ ಇದೆ, ಏನ್ ಮಾಡೋದು ಇದನ್ನ, ಎಸೆದುಬಿಡ್ಲಾ?" ಅಂದ. ನಾನು ಏನಂತ ಹೇಳ್ಲಿ ಅಂತ ಯೋಚ್ನೆ ಮಾಡ್ತಿದ್ರೆ ಅಡುಗೆಮನೆಯಿಂದ ನಮ್ಮವ್ವ ಕೂಗಿದ್ಲು:

"ಎಸಿಬ್ಯಾಡ ಅನ್ನೋ, ನೆನೆಸಿ ದೋಸೆ ಹಿಟ್ಟಿಗೆ ರುಬ್ಬಕ್ಕೆ ಹೇಳು."