ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನಿಸಿಕೊಂಡವರು ಲೆಕ್ಕ ಕೇಳಿದಾಗ

2016ರಲ್ಲಿ ಪನಾಮಾ ಪೇಪರ್ಸ್, ಅಂದರೆ ದುಡ್ಡಿದ್ದವರಿಗೆ ಗುಟ್ಟಿನ ಕಂಪನಿ ಮಾಡಿಕೊಡುತ್ತಿದ್ದ ಪನಾಮಾದ ವಕೀಲರ ಕಂಪನಿಯೊಂದರ ದಾಖಲೆಗಳು, ಹೊರಬಿದ್ದಾಗ ಎಲ್ಲರೂ ದೊಡ್ಡ ಹೆಸರುಗಳನ್ನು ಹುಡುಕುತ್ತಿದ್ದರು. ಯಾವ ಪ್ರಧಾನಿ, ಯಾವ ಸಿನಿಮಾ ನಟ, ಯಾವ ಫುಟ್‌ಬಾಲ್ ಆಟಗಾರ ಅಂತ. ನನ್ನ ತಲೆಯಲ್ಲಿ ಮಾತ್ರ ಉಳಿದದ್ದು ಪನಾಮಾದ ಒಬ್ಬ ಸಾಮಾನ್ಯ ಉದ್ಯೋಗಿ. ಮೊಸಾಕ್ ಫೊನ್ಸೆಕಾ ಅನ್ನುವ ಆ ವಕೀಲರ ಕಂಪನಿಯಲ್ಲಿ ಕೆಲಸಕ್ಕಿದ್ದ ಹೆಂಗಸು. ಕಾಗದದ ಮೇಲೆ ಅವರು 10,000ಕ್ಕೂ ಹೆಚ್ಚು ಕಂಪನಿಗಳ ಡೈರೆಕ್ಟರ್!

ದಿನಕ್ಕೊಂದು ಕಂಪನಿಯ ಹೆಸರು ಓದುತ್ತಾ ಹೋದರೂ ಮುಗಿಸೋಕೆ ಇಪ್ಪತ್ತೇಳು ವರ್ಷ ಬೇಕು. ಆ ಕಂಪನಿಗಳಲ್ಲಿ ಎಷ್ಟು ದುಡ್ಡಿದೆ, ಯಾರದ್ದು, ಎಲ್ಲಿಂದ ಬಂತು ಅನ್ನುವುದೆಲ್ಲ ಆ ಹುದ್ದೆಗೆ ಸಂಬಂಧವೇ ಇಲ್ಲ. ಮೇಜಿಗೆ ಬಂದ ಕಾಗದಕ್ಕೆ ಸಹಿ ಹಾಕಬೇಕು, ಅಷ್ಟೇ. ಇದಕ್ಕೆ ನಾಮಿನಿ ಡೈರೆಕ್ಟರ್ ಅಂತ ಗೌರವದ ಹೆಸರಿದೆ. ನಮಗೆ ಮೊದಲಿನಿಂದ ಗೊತ್ತಿರುವ ಹೆಸರು ಬೇನಾಮಿ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಆಫ್‌ಶೋರ್, ಅಂದರೆ ಹೊರದೇಶದಲ್ಲಿ ಗುಟ್ಟಾಗಿ ದುಡ್ಡಿಡುವ ಏರ್ಪಾಡು, ಅಂದ ಕೂಡಲೇ ನಾವು ದ್ವೀಪ, ತೆಂಗಿನ ಮರ, ನೆಲಮಾಳಿಗೆಯಲ್ಲಿ ಚಿನ್ನದ ಗಟ್ಟಿ ಅಂತ ಕಲ್ಪಿಸಿಕೊಳ್ಳುತ್ತೇವೆ. ನಿಜದಲ್ಲಿ ಇರೋದು ಬರೀ ಫೈಲು. ಬ್ರಿಟಿಷ್ ವರ್ಜಿನ್ ದ್ವೀಪದಲ್ಲಿ ಒಂದು ಕಂಪನಿ. ಅದರ ಮಾಲೀಕ ನ್ಯೂಜಿಲೆಂಡಿನ ಒಂದು ಟ್ರಸ್ಟು. ಖಾತೆ ಇನ್ನೊಂದು ದೇಶದಲ್ಲಿ, ಸಹಿ ಮತ್ತೊಬ್ಬರದ್ದು. ಮೊದಲೆಲ್ಲ ಬೇರರ್ ಶೇರು ಅಂತಲೂ ಇತ್ತು. ಶೇರು ಪತ್ರ ಯಾರ ಕೈಯಲ್ಲಿದೆಯೋ ಅವರೇ ಮಾಲೀಕರು. ಹೆಸರೇ ಬರೆಯೋದಿಲ್ಲ. ಇತ್ತ ನಮ್ಮ ಸಹಿ ಒಂಚೂರು ಡೊಂಕಾದರೂ ಬ್ಯಾಂಕಿನವರು ಚೆಕ್ ವಾಪಸ್ ಕಳಿಸುತ್ತಾರೆ. ಗುರುತಿನ ಚೀಟಿ ಕೊಡಿ, ವಿಳಾಸದ ದಾಖಲೆ ಕೊಡಿ, ಫೋಟೋ ಕೊಡಿ, ಇದು ಹಳೇ ಫೋಟೋ ಹೊಸದು ಕೊಡಿ.

ಇಷ್ಟೊಂದು ಫೈಲು ತಯಾರಿಸೋದಕ್ಕೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋದಕ್ಕೆ ಜನ ಬೇಕಲ್ವಾ? ಆ ಜನರನ್ನು ಯಾರೂ ಗಮನಿಸೋದಿಲ್ಲ. ಕಾಫಿ ತರುವವರ ಎದುರು ಮಾತಾಡಿದ ಹಾಗೆ ಅವರ ಎದುರು ಎಲ್ಲವನ್ನೂ ಮಾತಾಡುತ್ತಾರೆ. ಈ ಗುಟ್ಟಿನ ಲೋಕದಲ್ಲಿ ತೂತು ಕೊರೆದವರ ಪಟ್ಟಿಯಲ್ಲಿ ಇಷ್ಟೊಂದು ಹೆಂಗಸರು ಯಾಕಿದ್ದಾರೆ ಅಂತ ಕೇಳಿದರೆ ನನ್ನ ಉತ್ತರ ಇದೇ. ಹೆಂಗಸರು ಹುಟ್ಟಾ ಪ್ರಾಮಾಣಿಕರು ಅಂತಲ್ಲ. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸ್ಟೆಫನಿ ಜಿಬೋ ಅವರನ್ನೇ ನೋಡಿ. ಸ್ವಿಸ್ ಬ್ಯಾಂಕ್ ಯುಬಿಎಸ್‌ನ ಫ್ರಾನ್ಸ್ ಶಾಖೆಯಲ್ಲಿ ಅವರ ಕೆಲಸ ಕಾರ್ಯಕ್ರಮ ಏರ್ಪಡಿಸುವುದು. ಗಾಲ್ಫ್ ಪಂದ್ಯ, ಒಪೆರಾ, ಊಟದ ಕೂಟ. ಯಾವುದೇ ಸಮಾರಂಭದ ಅತಿಥಿ ಪಟ್ಟಿ ಬರೆದವರಿಗೆ ಗೊತ್ತು, ಯಾರನ್ನು ಕರೆಯಬೇಕು, ಯಾರನ್ನು ಯಾರ ಪಕ್ಕ ಕೂರಿಸಬೇಕು ಅನ್ನುವುದರಲ್ಲೇ ಅರ್ಧ ಕತೆ ಇರುತ್ತದೆ. ಸ್ವಿಟ್ಜರ್ಲೆಂಡಿನ ಬ್ಯಾಂಕ್ ಅಧಿಕಾರಿಗಳು ಫ್ರಾನ್ಸಿಗೆ ಬಂದು ಗಿರಾಕಿ ಹಿಡಿಯುವ ಹಾಗಿರಲಿಲ್ಲ, ಅದಕ್ಕೆ ಅನುಮತಿ ಇರಲಿಲ್ಲ. ಆದರೆ ಅವರು ಬರುತ್ತಿದ್ದರು. ಯಾವ ದಿನ ಬಂದರು, ಯಾವ ಫ್ರೆಂಚ್ ಶ್ರೀಮಂತರನ್ನು ಕಂಡರು ಅನ್ನುವುದಕ್ಕೆ ಬೇರೆ ಸಾಕ್ಷಿ ಯಾಕೆ ಬೇಕು? ಸ್ಟೆಫನಿ ಅವರ ಕಂಪ್ಯೂಟರ್‌ನಲ್ಲಿ ಪಟ್ಟಿ ಇತ್ತು.

2008ರ ಜೂನ್‌ನಲ್ಲಿ ಬ್ಯಾಂಕಿನ ದೊಡ್ಡವರೊಬ್ಬರ ಕೋಣೆಯಲ್ಲಿ ಶೋಧ ಆಯಿತು. ಮೇಲಧಿಕಾರಿ ಓಡಿ ಬಂದು, ಕಂಪ್ಯೂಟರ್‌ನಲ್ಲಿರೋದನ್ನೆಲ್ಲ ಅಳಿಸಿಬಿಡು ಅಂದರು. ಸ್ಟೆಫನಿ ಅಳಿಸಲಿಲ್ಲ. ಅವರು ಮಾಡಿದ ಸಾಹಸ ಅಂದರೆ ಇಷ್ಟೇ, ಡಿಲೀಟ್ ಒತ್ತಲಿಲ್ಲ.

ಆಮೇಲೆ ಕಿರುಕುಳ ಶುರು. 2012ರ ಹೊತ್ತಿಗೆ ಕೆಲಸ ಹೋಯಿತು. 2015ರಲ್ಲಿ ಕಾರ್ಮಿಕ ನ್ಯಾಯಾಲಯ, ಕಿರುಕುಳ ಆಗಿದ್ದು ನಿಜ ಅಂತ 30,000 ಯೂರೋ ಕೊಡಿಸಿತು. 2019ರಲ್ಲಿ ಫ್ರಾನ್ಸಿನ ಕೋರ್ಟು ಅದೇ ಬ್ಯಾಂಕಿಗೆ 370 ಕೋಟಿ ಯೂರೋ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು ಇಳಿಯುತ್ತಾ ಹೋಯಿತು, ಆ ಮಾತು ಬೇರೆ. ನನಗೆ ಕಾಡೋದು ಈ ಎರಡು ಸಂಖ್ಯೆಗಳು. ಸರ್ಕಾರದ ಬೊಕ್ಕಸಕ್ಕೆ ಕೋಟಿಗಟ್ಟಲೆ, ಪಟ್ಟಿ ಉಳಿಸಿದವರಿಗೆ ಮೂವತ್ತು ಸಾವಿರ. ಇಂಥ ಕೆಲಸಕ್ಕೆ ಮುಂದೆ ಯಾರು ಬರುತ್ತಾರೆ ಹೇಳಿ?

ಇವಾ ಜೋಲಿ ಅವರದ್ದು ಇನ್ನೊಂದು ಬಗೆ. ನಾರ್ವೆಯಿಂದ ಪ್ಯಾರಿಸ್‌ಗೆ ಬಂದಾಗ ಅವರು ಒಂದು ಮನೆಯಲ್ಲಿದ್ದುಕೊಂಡು ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ. ಮುಂದೆ ಕಾನೂನು ಓದಿ, ತನಿಖಾ ನ್ಯಾಯಾಧೀಶೆಯಾಗಿ, 1990ರ ದಶಕದಲ್ಲಿ ಹಿಂದೆ ಫ್ರಾನ್ಸ್ ಸರ್ಕಾರದ್ದಾಗಿದ್ದ ತೈಲ ಕಂಪನಿ ಎಲ್ಫ್‌ನ ಲೆಕ್ಕ ಬಿಚ್ಚಿದರು. ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್ ದಾರಿಯಾಗಿ ಹೋದ ಲಂಚದ ದುಡ್ಡು. ಕಂಪನಿಯ ಮಾಜಿ ಮುಖ್ಯಸ್ಥರೇ ಜೈಲಿಗೆ ಹೋದರು. ಆ ವರ್ಷಗಳಲ್ಲಿ ಇವಾ ಅಂಗರಕ್ಷಕರಿಲ್ಲದೆ ಹೊರಗೆ ಕಾಲಿಡುವ ಹಾಗಿರಲಿಲ್ಲ.

ಮಾಲ್ಟಾದ ಪತ್ರಕರ್ತೆ ಡಾಫ್ನೆ ಕರುವಾನಾ ಗಲಿಜಿಯಾ ಅವರ ವಿಷಯಕ್ಕೆ ಬಂದರೆ ನನಗೆ ಪ್ರತಿ ಸಲ ಒಂದು ಚೆಕ್ ಪುಸ್ತಕ ನೆನಪಾಗುತ್ತದೆ.

ಮಾಲ್ಟಾ ಪುಟ್ಟ ದೇಶ. ಜನಸಂಖ್ಯೆ ಆಗ ಸುಮಾರು ನಾಲ್ಕೂವರೆ ಲಕ್ಷ. ಡಾಫ್ನೆ ಮನೆಯಲ್ಲಿ ಕೂತು ಒಬ್ಬರೇ ಬ್ಲಾಗ್ ಬರೆಯುತ್ತಿದ್ದರು. ಕೆಲವು ದಿನ ಅದನ್ನು ನಾಲ್ಕು ಲಕ್ಷ ಜನ ಓದುತ್ತಿದ್ದರು ಅಂದರೆ ಲೆಕ್ಕ ಹಾಕಿ. 2016ರ ಫೆಬ್ರವರಿಯಲ್ಲಿ, ಅಂದರೆ ಪನಾಮಾ ಪೇಪರ್ಸ್ ಜಗತ್ತಿಗೆ ಗೊತ್ತಾಗುವ ಮೊದಲೇ, ಮಂತ್ರಿ ಕೊನ್ರಾಡ್ ಮಿಜ್ಜಿ ಮತ್ತು ಪ್ರಧಾನಿಯ ಆಪ್ತ ಅಧಿಕಾರಿ ಕೀತ್ ಸ್ಕೆಂಬ್ರಿ ಅವರ ಪನಾಮಾ ನಂಟು, ನ್ಯೂಜಿಲೆಂಡ್ ಟ್ರಸ್ಟು ಎಲ್ಲವನ್ನೂ ಬರೆದರು. ಮರುವರ್ಷ '17 ಬ್ಲ್ಯಾಕ್' ಅನ್ನುವ ದುಬೈ ಕಂಪನಿಯ ಹೆಸರು ಹಾಕಿದರು. ಅದರ ಮಾಲೀಕ ಉದ್ಯಮಿ ಯೋರ್ಗೆನ್ ಫೆನೆಕ್ ಅಂತ ಬೇರೆ ಪತ್ರಕರ್ತರು ಬಯಲು ಮಾಡುವ ಹೊತ್ತಿಗೆ 2018ರ ನವೆಂಬರ್. ಅಷ್ಟರಲ್ಲಿ ಡಾಫ್ನೆ ಇರಲಿಲ್ಲ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಅವರು ಬರೆದದ್ದೆಲ್ಲ ಸಾಬೀತಾಗಲಿಲ್ಲ. ಈಗ್ರಾಂಟ್ ಅನ್ನುವ ಕಂಪನಿ ಪ್ರಧಾನಿಯ ಹೆಂಡತಿಯದ್ದು ಅಂತ ಬರೆದಿದ್ದರು, 2018ರ ನ್ಯಾಯಾಂಗ ತನಿಖೆಗೆ ಅದಕ್ಕೆ ಪುರಾವೆ ಸಿಗಲಿಲ್ಲ. ಅವರ ಭಾಷೆಯೂ ಖಾರ, ಎಷ್ಟೋ ಸಲ ವೈಯಕ್ತಿಕ. ಆದರೆ ಮಾಲೀಕರ ಹೆಸರನ್ನೇ ಬರೆಯದ ಕಡೆ ಪುರಾವೆ ಹುಡುಕೋದು ಹೇಗೆ ಅನ್ನುವ ಪ್ರಶ್ನೆಯೂ ಇದೆ, ಅಲ್ವಾ? ಕತ್ತಲೆ ಮಾಡಿದವರೇ, ಯಾಕಮ್ಮ ಎಡವಿದೆ ಅಂತ ಕೇಳಿದ ಹಾಗೆ.

ವಿರೋಧಿಗಳು ಅವರಿಗಿಟ್ಟ ಹೆಸರು 'ಬಿಡ್ನಿಯಾದ ಮಾಟಗಾತಿ'. ಬಿಡ್ನಿಯಾ ಅವರ ಊರು. ಮನೆಗೆ ಬೆಂಕಿ ಇಟ್ಟರು. ಸಾಕಿದ ನಾಯಿಗಳನ್ನು ಕೊಂದರು. ಸಾಯುವ ಹೊತ್ತಿಗೆ ಅವರ ಮೇಲೆ 47 ಮಾನನಷ್ಟ ಕೇಸುಗಳಿದ್ದವು. ಒಬ್ಬ ಮಂತ್ರಿ ಕೇಸು ಹಾಕಿ ಅವರ ಬ್ಯಾಂಕ್ ಖಾತೆಯನ್ನೇ ಮುಟ್ಟುಗೋಲು ಮಾಡಿಸಿದ್ದರು. ಊರಿನವರ ಗುಟ್ಟಿನ ಖಾತೆಗಳ ಬಗ್ಗೆ ಬರೆದವರಿಗೆ ತಮ್ಮ ಸ್ವಂತ ಖಾತೆಯಿಂದ ನೂರು ಯೂರೋ ತೆಗೆಯೋಕೂ ದಾರಿಯಿಲ್ಲ! ಗಂಡ ಸಹಿ ಹಾಕಿಟ್ಟ ಖಾಲಿ ಚೆಕ್‌ಗಳಲ್ಲಿ ಮನೆ ಖರ್ಚು ನಡೆಯುತ್ತಿತ್ತು.

2017ರ ಅಕ್ಟೋಬರ್ 16. ಮಧ್ಯಾಹ್ನ ಎರಡೂವರೆ ದಾಟಿತ್ತು. ಎಲ್ಲಿ ನೋಡಿದರೂ ಖದೀಮರೇ, ಪರಿಸ್ಥಿತಿ ಕೈಮೀರಿದೆ ಅಂತ ಬರೆದು ಹಾಕಿದರು. ಖಾತೆಯ ವಿಷಯಕ್ಕೇ ಬ್ಯಾಂಕಿಗೆ ಹೋಗಬೇಕಿತ್ತು. ಹೊರಟವರು ವಾಪಸ್ ಬಂದರು, ಚೆಕ್ ಪುಸ್ತಕ ಮರೆತಿದ್ದರು. ಅದನ್ನು ತಗೊಂಡು ಮತ್ತೆ ಹೊರಟರು. ಅತ್ತ ಸಮುದ್ರದಲ್ಲಿ ದೋಣಿಯಲ್ಲಿ ಕೂತಿದ್ದ ಒಬ್ಬ ಒಂದು ಎಸ್ಸೆಮ್ಮೆಸ್ ಕಳಿಸಿದ. ಕಾರಿನ ಸೀಟಿನ ಕೆಳಗಿದ್ದ ಬಾಂಬ್ ಸಿಡಿಯಿತು. ಮನೆಯಲ್ಲಿದ್ದ ಮಗ ಮ್ಯಾಥ್ಯೂ ಬರಿಗಾಲಲ್ಲಿ ಓಡಿ ಬಂದರು. ಅದೇ ಪನಾಮಾ ಪೇಪರ್ಸ್ ತಂಡದಲ್ಲಿ ಕೆಲಸ ಮಾಡಿದ್ದ ಮಗ.

ಬಾಂಬ್ ಇಟ್ಟ ಇಬ್ಬರು ಅಣ್ಣ ತಮ್ಮಂದಿರಿಗೆ 2022ರಲ್ಲಿ ತಲಾ 40 ವರ್ಷ ಶಿಕ್ಷೆ ಆಯಿತು. ಫೆನೆಕ್ ಅವರನ್ನು 2019ರಲ್ಲಿ ವಿಹಾರ ನೌಕೆಯಲ್ಲಿ ಹೋಗುತ್ತಿದ್ದಾಗ ಹಿಡಿದರು, ಕೊಲೆ ಆರೋಪವನ್ನು ಅವರು ಅಲ್ಲಗಳೆದಿದ್ದಾರೆ. ಆ ಗಲಾಟೆಯಲ್ಲೇ ಪ್ರಧಾನಿ ಜೋಸೆಫ್ ಮಸ್ಕಟ್ ಕುರ್ಚಿ ಬಿಟ್ಟರು. ಮಾನನಷ್ಟ ಕೇಸುಗಳು ಏನಾದವು ಗೊತ್ತಾ? ಆಸ್ತಿ ಬಂದ ಹಾಗೆ ಮನೆಯವರ ಹೆಗಲಿಗೆ ಬಂದವು.

ಇಲ್ಲಿ ಯಾರಾದರೂ ಎದ್ದು, ಹಾಗಾದರೆ ಹೆಂಗಸರು ಕದಿಯೋದೇ ಇಲ್ವಾ ಅಂತ ಕೇಳಬಹುದು. ಚೆನ್ನಾಗೇ ಕೇಳಿದಿರಿ. 2020ರಲ್ಲಿ ಹೊರಬಿದ್ದ ದಾಖಲೆಗಳ ಕಂತೆ ಲುವಾಂಡಾ ಲೀಕ್ಸ್ ಪೂರ್ತಿ ಇಸಬೆಲ್ ಡೊಸ್ ಸಾಂಟೋಸ್ ಅವರ ಮೇಲೆ. ಅಂಗೋಲಾದ ಮಾಜಿ ಅಧ್ಯಕ್ಷರ ಮಗಳು, ಆಫ್ರಿಕಾದ ಅತಿ ಶ್ರೀಮಂತ ಮಹಿಳೆ ಅಂತ ಮ್ಯಾಗಜಿನ್‌ಗಳು ಹೊಗಳಿದ್ದವರು. ತಪ್ಪು ಮಾಡಿಲ್ಲ ಅಂತಲೇ ಅವರು ಹೇಳುತ್ತಾರೆ. ಮಲೇಷ್ಯಾದ ಸರ್ಕಾರಿ ಹೂಡಿಕೆ ನಿಧಿ 1ಎಂಡಿಬಿಯ ಹಗರಣ ನೋಡಿ. 2018ರಲ್ಲಿ ಪೊಲೀಸರು ಮಾಜಿ ಪ್ರಧಾನಿ ನಜೀಬ್ ರಜಾಕ್ ಅವರಿಗೆ ಸಂಬಂಧಿಸಿದ ಮನೆಗಳಿಂದ ಹೊತ್ತು ತಂದದ್ದರಲ್ಲಿ 567 ಹ್ಯಾಂಡ್‌ಬ್ಯಾಗ್ ಇದ್ದವು. ಐನೂರ ಅರವತ್ತೇಳು! ಆ ಹಗರಣದ ಬೆನ್ನು ಹತ್ತಿದವರೂ ಒಬ್ಬ ಹೆಂಗಸೇ, ಪತ್ರಕರ್ತೆ ಕ್ಲೇರ್ ರ್‍ಯೂಕಾಸಲ್ ಬ್ರೌನ್. ಮೊದಲಿಗೆ ಅವರು ಬರೆಯುತ್ತಿದ್ದದ್ದು ತಾವು ಹುಟ್ಟಿದ ಸರವಾಕ್‌ನ ಕಾಡು ಕಡಿಯುವವರ ಬಗ್ಗೆ. ಮರದ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಹುಡುಕುತ್ತಾ ಹೋದವರಿಗೆ ಪ್ರಧಾನಿಯ ಖಾತೆಗೆ ಬಂದ 68 ಕೋಟಿ ಡಾಲರ್ ಸಿಕ್ಕಿತು. ನಜೀಬ್ ಜೈಲಿಗೆ ಹೋದರು. 2024ರಲ್ಲಿ ಮಲೇಷ್ಯಾದ ಒಂದು ಕೋರ್ಟು, ಕ್ಲೇರ್ ಅವರಿಗೂ ಮಾನನಷ್ಟದ ಇನ್ನೊಂದು ಕೇಸಿನಲ್ಲಿ, ಅವರು ಅಲ್ಲಿಲ್ಲದಾಗ, ಎರಡು ವರ್ಷ ಜೈಲು ಬರೆಯಿತು.

ಪನಾಮಾ ಪೇಪರ್ಸ್‌ನ 1.15 ಕೋಟಿ ದಾಖಲೆಗಳನ್ನು ಹುಡುಕುವ ಹಾಗೆ ಮಾಡಿದ ತಂಡದ ಮುಂದಾಳು ಸ್ಪೇನಿನ ಮಾರ್ ಕಾಬ್ರಾ. ನೂರಾರು ಪತ್ರಕರ್ತರನ್ನು ಗುಟ್ಟು ಬಿಡದ ಹಾಗೆ ಒಟ್ಟಿಗೆ ಹಿಡಿದಿಟ್ಟವರಲ್ಲಿ ಅರ್ಜೆಂಟೀನಾದ ಮರೀನಾ ವಾಕರ್ ಗೆವಾರಾ ಇದ್ದರು. ಭಾರತದ ಭಾಗವನ್ನು ನೋಡಿದವರಲ್ಲಿ ಮುಖ್ಯರು ರೀತು ಸರಿನ್. ಇವರ ಕೆಲಸ ಹೊರಗಿನಿಂದ ಭಾರೀ ರೋಚಕ ಅನ್ನಿಸಬಹುದು. ನನಗಂತೂ ಅದು ಅವರೆಕಾಳು ಬಿಡಿಸಿದ ಹಾಗೆ ಕಾಣುತ್ತದೆ. ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಕೂತು, ಒಂದೊಂದೇ.

ಖದೀಜಾ ಇಸ್ಮಾಯಿಲೋವಾ ಅವರನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ಅಜರ್‌ಬೈಜಾನಿನ ಪತ್ರಕರ್ತೆ. 2011ರಲ್ಲಿ ಅವರು ಒಂದು ಮೊಬೈಲ್ ಕಂಪನಿಯ ಮಾಲೀಕರು ಯಾರು ಅಂತ ಹುಡುಕಿದರು. ದಾರಿ ಪನಾಮಾಕ್ಕೆ ಹೋಯಿತು. ಅಲ್ಲಿನ ಕಂಪನಿ ದಾಖಲೆಗಳಲ್ಲಿ ದೇಶದ ಅಧ್ಯಕ್ಷರ ಹೆಣ್ಣುಮಕ್ಕಳ ಹೆಸರಿತ್ತು.

2012ರ ಮಾರ್ಚ್‌ನಲ್ಲಿ ಅವರಿಗೊಂದು ಲಕೋಟೆ ಬಂತು. ಒಳಗೆ ಅವರದೇ ಮಲಗುವ ಕೋಣೆಯಲ್ಲಿ ಕದ್ದು ತೆಗೆದ ಚಿತ್ರಗಳು. ಬಾಯಿ ಮುಚ್ಚಿಕೊಂಡಿರು, ಇಲ್ಲದಿದ್ದರೆ ಮಾನ ಹೋಗುತ್ತದೆ ಅನ್ನುವ ಬೆದರಿಕೆ. ಖದೀಜಾ ತಾವೇ ಆ ಬೆದರಿಕೆಯನ್ನು ಎಲ್ಲರಿಗೂ ಹೇಳಿಬಿಟ್ಟರು. ಒಂದು ವಾರದಲ್ಲಿ ವಿಡಿಯೋ ಇಂಟರ್ನೆಟ್‌ಗೆ ಬಂತು. ಅವರು ಮನೆಯಲ್ಲಿ ಕ್ಯಾಮೆರಾ ಇಟ್ಟಿದ್ದ ಜಾಗ ಹುಡುಕಿದರು. ತಂತಿ ಸಿಕ್ಕಿತು. ತಂತಿ ಹಿಡಿದು ಹೊರಟರೆ ಅದು ಟೆಲಿಫೋನ್ ಪೆಟ್ಟಿಗೆಗೆ ಹೋಗಿತ್ತು. ಆ ಲೈನು ಎಳೆದದ್ದು ತಾನೇ ಅಂತ ಟೆಲಿಫೋನ್ ಕಂಪನಿಯ ನೌಕರ ಒಪ್ಪಿಕೊಂಡ. ಇಷ್ಟನ್ನೂ ಅವರೇ ಮಾಡಿದರು. ದುಡ್ಡಿನ ಜಾಡು ಹಿಡಿದ ಹಾಗೆಯೇ ತಂತಿಯ ಜಾಡೂ ಹಿಡಿದರು.

2014ರ ಡಿಸೆಂಬರ್‌ನಲ್ಲಿ ಬಂಧನ, ತೆರಿಗೆ ವಂಚನೆ ಮತ್ತಿತರ ಆರೋಪ, ಏಳೂವರೆ ವರ್ಷ ಶಿಕ್ಷೆ. ಆಫ್‌ಶೋರ್ ಕಂಪನಿಗಳ ಬಗ್ಗೆ ಬರೆದವರ ಮೇಲೆ ತೆರಿಗೆ ವಂಚನೆಯ ಕೇಸು! ಒಂದೂವರೆ ವರ್ಷ ಒಳಗಿದ್ದು ಹೊರಬಂದರು. 2019ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಅವರ ಖಾಸಗಿತನ ಕಾಪಾಡುವಲ್ಲಿ ಸರ್ಕಾರ ಸೋತಿದೆ ಅಂತ ತೀರ್ಪು ಕೊಟ್ಟಿತು.

ಖಾಸಗಿತನ. ಈ ಪದ ನೋಡಿದಾಗ ನನಗೆ ಇನ್ನೊಂದು ತೀರ್ಪು ನೆನಪಾಗುತ್ತದೆ. ಪನಾಮಾ ಪೇಪರ್ಸ್ ಆದ ಮೇಲೆ ಯುರೋಪಿನ ಒಕ್ಕೂಟ ಒಂದು ಒಳ್ಳೆ ಕೆಲಸ ಮಾಡಿತ್ತು. ಕಂಪನಿಯ ನಿಜವಾದ ಮಾಲೀಕರು ಯಾರು ಅನ್ನುವ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು ಅಂತ 2018ರಲ್ಲಿ ನಿಯಮ ತಂದಿತು. 2022ರ ನವೆಂಬರ್ 22ರಂದು ಅದೇ ಒಕ್ಕೂಟದ ದೊಡ್ಡ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಕಾರಣ, ಮಾಲೀಕರ ಖಾಸಗಿತನಕ್ಕೆ ಧಕ್ಕೆ. ಲಕ್ಸೆಂಬರ್ಗ್, ನೆದರ್ಲೆಂಡ್ಸ್ ಕೂಡಲೇ ಪಟ್ಟಿಗೆ ಬಾಗಿಲು ಹಾಕಿದವು. ಮನೆ ವಿಳಾಸ, ಮಕ್ಕಳ ಸುರಕ್ಷತೆ ಅಂತ ವಾದ ಇದೆ, ಪೂರ್ತಿ ಸುಳ್ಳು ಅನ್ನಲಾರೆ. ಆದರೂ ಮಲಗುವ ಕೋಣೆಗೂ ಕಂಪನಿಯ ಶೇರಿಗೂ ಒಂದೇ ತಕ್ಕಡಿ ಹಿಡಿಯೋದು ನನಗೆ ಅರಗೋದಿಲ್ಲ.

2024ರಲ್ಲಿ ಬಂದ ಹೊಸ ಕಾನೂನಿನ ಪ್ರಕಾರ ಪತ್ರಕರ್ತರು ಆ ಪಟ್ಟಿ ನೋಡಬಹುದು. ಆದರೆ ಮೊದಲು ಅರ್ಜಿ ಹಾಕಿ, ತಾವು ಯಾರು, ಏನು ಕೆಲಸ ಅಂತ ಗುರುತಿನ ಸಮೇತ ತೋರಿಸಬೇಕು.