ಐದು ಇಂದ್ರಿಯ, ಜಿಎಸ್‌ಟಿ ಬೇರೆ

ಬಳ್ಳಾರಿಯಲ್ಲಿ ಹೊಸ ಮನೆ ಕಟ್ಟಿಸಿದವರಿಗೆ ಈಚೆಗೆ ಇಂದ್ರಿಯಗಳು ಬಂದಿವೆ. ಮೊದಲೆಲ್ಲ ಹಾಲ್, ಕಿಚನ್, ದೇವರ ಕೋಣೆ, ಮೇಲೆ ಒಂದೆರಡು ಬೆಡ್‌ರೂಮ್ ಇದ್ದರೆ ಮುಗೀತು. ಕಣ್ಣು, ಕಿವಿ, ಮೂಗು ಮನೆಯವರ ಜೊತೆಗೇ ಬರುತ್ತಿದ್ದವು. ಅವಕ್ಕೆ ಬೇರೆ ದುಡ್ಡು ಕೊಡುವ ಪದ್ಧತಿ ಇರಲಿಲ್ಲ. ಈಗ ಹಾಗಲ್ಲ. ಇಂಟೀರಿಯರ್ ಡಿಸೈನರ್ ಕೊಡುವ ಕೊಟೇಶನ್ನಿನಲ್ಲಿ 'ಸೆನ್ಸರಿ ಲಿವಿಂಗ್' ಅಂತ ಒಂದು ಪುಟವೇ ಇರುತ್ತದೆ. ನೋಟಕ್ಕೆ ಇಷ್ಟು, ಸ್ಪರ್ಶಕ್ಕೆ ಇಷ್ಟು, ವಾಸನೆಗೆ ಇಷ್ಟು. ಕೆಳಗೆ ಸಣ್ಣ ಅಕ್ಷರದಲ್ಲಿ, ಜಿಎಸ್‌ಟಿ ಬೇರೆ. ಬಿಸಿಲೊಂದನ್ನು ಮಾತ್ರ ಪುಕ್ಕಟೆ ಬಿಟ್ಟಿದ್ದಾರೆ.

ಬಿಸಿಲಿನ ಮಾತು ಬಂತು. ನಮ್ಮೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ಹಳೇ ಜೋಕಿದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದರೆ ಇಲ್ಲಿ ಯಾರಿಗೂ ಅದು ಸುದ್ದಿಯಲ್ಲ. ಇಂಥ ಊರಲ್ಲಿ ಪಶ್ಚಿಮದ ಗೋಡೆಗೆ ನೆಲದಿಂದ ಸೂರಿನ ತನಕ ಗಾಜು ಹಾಕುತ್ತಾರೆ. ಗಾಜಿನ ಗುಣ ಗೊತ್ತಲ್ಲ. ಬಿಸಿಲನ್ನು ಒಳಗೆ ಬಿಡುತ್ತದೆ, ಒಳಗಾದ ಕಾವನ್ನು ಹೊರಗೆ ಬಿಡುವುದಿಲ್ಲ. ಚಳಿ ದೇಶದವರು ಇದನ್ನೇ ನಂಬಿ ಟೊಮೆಟೊ ಬೆಳೆಯುತ್ತಾರೆ. ನಾವು ಅದರೊಳಗೆ ಸೋಫಾ ಹಾಕಿಕೊಂಡು ಕೂತಿದ್ದೇವೆ.

ಕೂತ ಮೇಲೆ ಸೆಕೆ ಆಯಿತು ಅಂತ ಗಾಜಿಗೆ ಪರದೆ. ಪರದೆ ಸಾಲದು ಅಂತ ಅದರ ಹಿಂದೆ ಬ್ಲೈಂಡ್ಸು. ಈಗ ಹಾಲ್ ಕತ್ತಲು. ಹಾಗಾಗಿ ಮಟಮಟ ಮಧ್ಯಾಹ್ನ ಲೈಟ್ ಹಾಕಬೇಕು. ಬಲ್ಬಿನ ಡಬ್ಬಿ ಮೇಲೆ 'ಡೇಲೈಟ್' ಅಂತ ಬರೆದಿರುತ್ತದೆ. ಹೊರಗೆ ನಿಂತಿರುವುದು ಏನು ಅಂತ ಕೇಳಬೇಡಿ. ಇಷ್ಟಾದರೂ ಕಾವು ಇಳಿಯದಿದ್ದರೆ ಎರಡು ಟನ್ನಿನ ಎಸಿ ಇದ್ದೇ ಇದೆ, ಅದಕ್ಕೆ ಬೇಕಾದ ಕಲ್ಲಿದ್ದಲು ಸುಡಲು ಕುಡತಿನಿಯಲ್ಲಿ 1700 ಮೆಗಾವ್ಯಾಟಿನ ಉಷ್ಣ ಸ್ಥಾವರವೂ ಇದೆ.

ಇದೆಲ್ಲ ಸುಮ್ನೆ ಶೋಕಿ ಅಂದರೆ ಡಿಸೈನರ್ ಹುಡುಗನಿಗೆ ಬೇಜಾರಾಗುತ್ತದೆ. ಅವನ ಲ್ಯಾಪ್‌ಟಾಪಿನಲ್ಲಿ ವಿಜ್ಞಾನ ಇದೆ. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಮೊದಲ ಸ್ಲೈಡಿನಲ್ಲೇ ಬರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ. ಪಿತ್ತಕೋಶದ ಆಪರೇಷನ್ ಆದ 46 ಜನ ರೋಗಿಗಳು. ಅರ್ಧ ಜನರಿಗೆ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಮಾತು ಖರೇನೇ. ಇಷ್ಟು ಹೇಳಿ ಮುಗಿಸಿ ಹುಡುಗ ಮನೆಯ ನಕ್ಷೆ ಬಿಚ್ಚುತ್ತಾನೆ. ಕಾಂಪೌಂಡಿನ ಮೂಲೆಯ ಬೇವಿನ ಮರದ ಮೇಲೆ ಕೆಂಪು ಇಂಟು ಗುರುತು. ಅಲ್ಲಿ ಎರಡನೇ ಕಾರು ನಿಲ್ಲಬೇಕು.

ಮರ ಹೋದ ಮೇಲೆ ಕಿಟಕಿಯಿಂದ ಏನು ಕಾಣುತ್ತದೆ? ಪಕ್ಕದವರ ಗೋಡೆ. ಅವರೂ ಜಾಗ ಬಿಟ್ಟಿಲ್ಲ, ಇವರೂ ಬಿಟ್ಟಿಲ್ಲ. ಕೈ ಚಾಚಿದರೆ ಅವರ ಬಚ್ಚಲ ಪೈಪು ಸಿಗುತ್ತದೆ. ಉಲ್ರಿಚ್ ಸಾಹೇಬರ ಗೋಡೆ ಕಡೆಯ ವಾರ್ಡಿಗೆ ಮನೆ ಯಜಮಾನರು ಸ್ವಂತ ಖರ್ಚಿನಲ್ಲಿ ಅಡ್ಮಿಟ್ ಆಗಿದ್ದಾರೆ. ಅದಕ್ಕೂ ಪರಿಹಾರ ಉಂಟು. ಕಾಡಿನ ಚಿತ್ರದ ವಾಲ್‌ಪೇಪರ್! ಯಾವುದೋ ದೇವದಾರು ಕಾಡು, ಮೇಲೆ ಹಿಮ ಬೇರೆ ಬಿದ್ದಿದೆ. ಮರ ಕಡಿಯಲು ಅನುಮತಿ ಬೇಕು ಅಂತ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ವಾಲ್‌ಪೇಪರ್ ಅಂಟಿಸಲು ಅಂಥ ತಾಪತ್ರಯ ಇಲ್ಲ.

ಕೊಟೇಶನ್ನಿನಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಮೂಗಿನ ವಿಭಾಗ.

ಹೊಸ ಮನೆಯ ಕಾಂಪೌಂಡಿನಲ್ಲಿ ಮಣ್ಣು ಕಾಣಬಾರದು. ಗೇಟಿನಿಂದ ಹಿತ್ತಲ ತನಕ ಪೇವರ್ ಬ್ಲಾಕ್. ಮಣ್ಣಿದ್ದರೆ ಕೆಸರು, ಕೆಸರಿದ್ದರೆ ಟೈಲ್ಸ್ ಕೊಳಕು. ಆದರೆ ಮುಂಗಾರಿನ ಮೊದಲ ಹನಿಗೆ ಏಳುವ ಘಮ ಆಕಾಶದಿಂದ ಇಳಿಯುವುದಿಲ್ಲ. ಅದಕ್ಕೆ ನೆಲ ಬೇಕು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೇಕು. ಅವು ತಯಾರಿಸುವ ಜಿಯೋಸ್ಮಿನ್ ಅನ್ನುವ ಪದಾರ್ಥಕ್ಕೇ ಆ ಮಣ್ಣಿನ ವಾಸನೆ. ಸಿಮೆಂಟ್ ಬಿಲ್ಲೆ ಮೇಲೆ ಎಷ್ಟು ಮಳೆ ಸುರಿದರೂ ಆ ಘಮ ಬರುವುದಿಲ್ಲ. ಹಾಗಂತ ಯಜಮಾನರು ಕೈಕಟ್ಟಿ ಕೂರುವವರಲ್ಲ. ಉತ್ತರ ಪ್ರದೇಶದ ಕನ್ನೌಜಿನಲ್ಲಿ ಒಣ ಮಣ್ಣಿನ ಹೆಂಟೆಗಳನ್ನು ನೀರಿನ ಜೊತೆ ತಾಮ್ರದ ಹಂಡೆಯಲ್ಲಿ ಕಾಯಿಸಿ, ಆ ಹಬೆಯನ್ನು ಗಂಧದೆಣ್ಣೆಗೆ ಇಳಿಸಿ ಅತ್ತರು ಮಾಡುತ್ತಾರೆ. ಬಲು ಹಳೇ ಕಸುಬು, ಚೆಂದದ ಕಸುಬು. ಅದರ ಮೇಲೆ ನನ್ನ ತಕರಾರಿಲ್ಲ. ಬಳ್ಳಾರಿ ಮಣ್ಣಿಗೆ ಬ್ಲಾಕ್ ಹಾಸಿ, ಕನ್ನೌಜಿನ ಮಣ್ಣನ್ನು ಕೊರಿಯರ್‌ನಲ್ಲಿ ತರಿಸಿ ಮೂಸುವುದಿದೆಯಲ್ಲ, ಆ ಧೈರ್ಯಕ್ಕೆ ಮಾತ್ರ ಕೈ ಮುಗಿಯಬೇಕು.

ಹೋದ ಬೇಸಿಗೆಯಲ್ಲಿ ಇಂಥದೊಂದು ಮನೆಗೆ ಊಟಕ್ಕೆ ಕರೆದಿದ್ದರು. ಯಜಮಾನರು ಖುಷಿಯಿಂದ ಗೋಡೆಯ ಸಾಕೆಟ್ಟಿಗೆ ಡಿಫ್ಯೂಸರ್ ಸಿಕ್ಕಿಸಿದರು. ಹಾಲ್ ತುಂಬ ಹಸಿ ಮಣ್ಣಿನ ಘಮ. ಎಲ್ಲರೂ ವಾಹ್ ಅಂದೆವು. ಅವರ ತಾಯಿ ಮಾತ್ರ ಅಡುಗೆಮನೆಯಿಂದ ಸೆರಗು ಸಿಕ್ಕಿಸಿಕೊಂಡು ಓಡಿ ಬಂದವರೇ ನಮ್ಮನ್ನೆಲ್ಲ ದಾಟಿ ದಡದಡ ಮೆಟ್ಟಿಲು ಹತ್ತಿದರು. ಟೆರೇಸಿನ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಒಣಗಿಸಿದ್ದರು. ಅರ್ಧ ಹಸಿ ಇದ್ದ ಸಂಡಿಗೆಯನ್ನು ಪಂಚೆ ಸಮೇತ ಮುದ್ದೆ ಮಾಡಿ ಎದೆಗವಚಿಕೊಂಡು ಇಳಿದು ಬಂದರು. ಮುಖದ ತುಂಬ ಬೆವರು.

"ಮಳಿ ವಾಸ್ನಿ ಬಂತಲ್ಲೋ ಯಪ್ಪಾ, ಮ್ಯಾಲೆ ನೋಡಿದ್ರೆ ಮೋಡ ಒಂದೂ ಇಲ್ಲ!"

"ಅದು ಸಾಕೆಟ್ನಾಗಿಂದ ಬಂದಿದ್ದವ್ವಾ" ಅಂದರು ಮಗ.

ಆಕೆ ಸಾಕೆಟ್ ನೋಡಿದರು, ಮಗನನ್ನು ನೋಡಿದರು, ಮತ್ತೆ ಪಂಚೆ ಬಿಚ್ಚಿ ಸಂಡಿಗೆ ನೋಡಿದರು. ಬಯ್ಯಲಿಲ್ಲ. ನೆಂಟರಿದ್ದರಲ್ಲ.

ಇದೇ ಮನೆಯಲ್ಲಿ ಮಲ್ಲಿಗೆ ಸ್ಪ್ರೇ ಕೂಡ ಇತ್ತು. ಹೂವಿನ ಹಡಗಲಿ ಮೊನ್ನೆ ಮೊನ್ನೆಯ ತನಕ ನಮ್ಮದೇ ಜಿಲ್ಲೆಯಲ್ಲಿತ್ತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಅಲ್ಲಿನ ಮಲ್ಲಿಗೆಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮಾರು ಲೆಕ್ಕದಲ್ಲಿ ಸಿಗುತ್ತದೆ, ಸಾಕೆಟ್ ಬೇಕಿಲ್ಲ. ಬಹುಶಃ ಅದೇ ಅದರ ದೋಷ.

ಸ್ಪರ್ಶದ ವಿಭಾಗಕ್ಕೆ ಬರೋಣ. ಮಣ್ಣೇ ಇಲ್ಲದ ಮೇಲೆ ಹುಲ್ಲು ಪ್ಲಾಸ್ಟಿಕ್‌ದೇ ಆಗಬೇಕು. ನೀರು ಬೇಡ, ಕತ್ತರಿಸೋದು ಬೇಡ, ವರ್ಷವಿಡೀ ಹಸಿರು. 'ಬರಿಗಾಲಿನ ಅನುಭವ' ಅಂತ ಕೊಟೇಶನ್ನಿನಲ್ಲಿ ಬರೆದಿತ್ತು. ಅನುಭವ ಏನೋ ಆಯಿತು. ಪ್ಲಾಸ್ಟಿಕ್ ಹುಲ್ಲು ಸುಡು ಬಿಸಿಲಿಗೆ 60 ಡಿಗ್ರಿ ದಾಟುತ್ತದೆ. ನಿಜವಾದ ಹುಲ್ಲು ತನ್ನೊಳಗಿನ ನೀರು ಬಿಟ್ಟು ತಂಪಾಗಿರುತ್ತದೆ, ಇದರ ಹತ್ತಿರ ಬಿಡಲು ಏನಿದೆ? ಊಟ ಮುಗಿಸಿ ಕೈ ತೊಳೆಯಲು ಆ ಹುಲ್ಲು ದಾಟಿ ಹೋಗಬೇಕಿತ್ತು. ಚಪ್ಪಲಿ ಗೇಟಿನ ಹತ್ತಿರ. ಗಂಗಾವತಿ ಕಡೆಯಿಂದ ಬಂದ ಹಿರಿಯರೊಬ್ಬರು ಎರಡು ಹೆಜ್ಜೆ ಇಟ್ಟವರೇ ಹಾರಿ ಈಚೆ ಬಂದರು. "ಕೆಂಡ ಹಾಯೋದು ಮೊಹರಮ್ಮಿಗೆ ಅಲ್ಲೇನ್ರೀ? ಇಲ್ಲಿ ದಿನಾ ಐತೇನು?" ಅಂದರು. ಆಮೇಲೆ ಆಳು ಬಂದು ಪೈಪ್ ಹಿಡಿದು ಹುಲ್ಲಿಗೆ ನೀರು ಹೊಡೆದ. ನೀರು ಬೇಡದ ಹುಲ್ಲಿಗೆ ಟ್ಯಾಂಕರ್ ನೀರು.

ಹುಲ್ಲಿನ ಪಕ್ಕ ಬಿಳಿ ನುಣುಪು ಕಲ್ಲಿನ ದಾರಿ. ಪಾದಕ್ಕೆ ಒತ್ತಿದರೆ ನರ ಸಡಿಲ ಆಗುತ್ತದಂತೆ. ಊರ ನಡುವೆ ಕೋಟೆ ಹೊತ್ತ ಬೆಟ್ಟ ನಿಂತಿದೆ. ಯಾವ ಕಡೆ ತಿರುಗಿದರೂ ಬಂಡೆ. ಇಂಥ ಊರಿನವರು ಕಲ್ಲನ್ನು ಕೆಜಿ ಲೆಕ್ಕದಲ್ಲಿ, ಪ್ಯಾಕೆಟ್ಟಿನಲ್ಲಿ, ಡೆಲಿವರಿ ಚಾರ್ಜ್ ಕೊಟ್ಟು ತರಿಸಿದ್ದಾರೆ. ಸಂಡೂರು ಕಡೆಯ ಅದಿರಿನ ದೂಳು ನಮಗೇನು ಹೊಸದಲ್ಲ. ಮಳೆಗಾಲ ಬರುವಷ್ಟರಲ್ಲಿ ಬಿಳಿ ಕಲ್ಲು ಕೆಂಪು ಕಲ್ಲಾಯಿತು, ಆಫ್ ವೈಟ್ ಗೋಡೆಯೂ ಅದೇ ಬಣ್ಣಕ್ಕೆ ತಿರುಗಿತು. ಡಿಸೈನರ್ ಹುಡುಗ ಬಂದು ನೋಡಿ, 'ಟೆರಾಕೋಟಾ ಶೇಡ್, ಸಾರ್. ಈಗ ಇದೇ ಟ್ರೆಂಡು' ಅಂದನಂತೆ. ಆ ಹುಡುಗ ಮುಂದೆ ಬರುತ್ತಾನೆ, ಬೇಕಾದರೆ ಬರೆದಿಟ್ಟುಕೊಳ್ಳಿ.

ಒಂದು ವಿಷಯ ಹೇಳಬೇಕು. ಈ ಇಂದ್ರಿಯದ ತೋಟ ಅನ್ನುವುದು ಶ್ರೀಮಂತರ ಹುಚ್ಚಿನಿಂದ ಹುಟ್ಟಿದ್ದಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಬಟಾನಿಕ್ ಗಾರ್ಡನ್‌ನಲ್ಲಿ 1955ರಲ್ಲಿ ಕಣ್ಣು ಕಾಣದವರಿಗಾಗಿಯೇ ಒಂದು ಪರಿಮಳದ ತೋಟ ಮಾಡಿದರು. ರೂಪಿಸಿದವರು ಆಲಿಸ್ ಐರೀಸ್ ಎಂಬಾಕೆ. ಗಾಲಿಕುರ್ಚಿಯಲ್ಲಿ ಕೂತವರ ಕೈಗೂ ಸಿಗಲಿ ಅಂತ ಮಡಿಗಳನ್ನು ಎತ್ತರಿಸಿದರು. ಗಿಡದ ಹೆಸರು ಬ್ರೈಲ್‌ನಲ್ಲಿ. ಎಲೆ ಮುಟ್ಟಿ, ಉಜ್ಜಿ, ಮೂಸಿ ನೋಡಿ ಅಂತಲೇ ಕರೆಯುವ ತೋಟ ಅದು. ನೋಡಲಾಗದವರಿಗೆ ಅಂತ ಹುಟ್ಟಿದ ಈ ತೋಟ ಬಳ್ಳಾರಿಗೆ ಬರುವಷ್ಟರಲ್ಲಿ ಬರೀ ನೋಡುವ ತೋಟ ಆಗಿದೆ. ಅದೂ ಫೋನಿನಲ್ಲಿ. ಹೊಸ ಲೇಔಟೊಂದರ ಬ್ರೋಷರ್‌ನಲ್ಲಿ 'ಪಂಚೇಂದ್ರಿಯ ಉದ್ಯಾನ' ಅಂತ ದೊಡ್ಡದಾಗಿ ಹಾಕಿದ್ದರು. ಪಾರ್ಕಿಗೆ ಜಾಗ ಬಿಡಬೇಕು ಅಂತ ಕಾನೂನೇ ಇದೆ, ಇವರು ಅದನ್ನು ಉಡುಗೊರೆ ಥರ ಕೊಟ್ಟಿದ್ದಾರೆ, ಇರಲಿ. ಹೋಗಿ ನೋಡಿದರೆ ಗೇಟಿನಲ್ಲೇ ಬೋರ್ಡು: ಹುಲ್ಲು ತುಳಿಯಬೇಡಿ, ಗಿಡ ಮುಟ್ಟಬೇಡಿ, ಹೂ ಕೀಳಬೇಡಿ, ಗಲಾಟೆ ಮಾಡಬೇಡಿ, ತಿಂಡಿ ತರಬೇಡಿ. ಐದೂ ಇಂದ್ರಿಯಕ್ಕೆ ಒಂದೊಂದು ಬೋರ್ಡು ಅಂದುಕೊಂಡೆ, ಆದರೆ ಕಣ್ಣನ್ನು ಮರೆತಿದ್ದರು.

ಕಿವಿಯ ವಿಷಯ ಬೇಗ ಮುಗಿಸುತ್ತೇನೆ. ಬೇವಿನ ಮರ ಹೋದಾಗ ಗಿಳಿ, ಗೊರವಂಕ ಎಲ್ಲ ಹೋದವು. ಬದಲಿಗೆ ಬಿದಿರು ಗಿಡದ ಕುಂಡದಲ್ಲಿ ಸ್ಪೀಕರ್. ಬಿದಿರೂ ಪ್ಲಾಸ್ಟಿಕ್. ಬೆಳಿಗ್ಗೆ ಆರಕ್ಕೆ ಬ್ಲೂಟೂತ್‌ನಲ್ಲಿ ಯಾವುದೋ ದೇಶದ ಹಕ್ಕಿ ಕೂಗುತ್ತದೆ, ನಡುವೆ ಒಂದು ಜಾಹೀರಾತು.

ರುಚಿಗೆ ರೋಸ್‌ಮೆರಿ, ಲ್ಯಾವೆಂಡರ್, ಇಟಾಲಿಯನ್ ಬೇಸಿಲ್. ಲ್ಯಾವೆಂಡರ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗಿಡ. ನಮ್ಮ ಮೇ ತಿಂಗಳ ರಾತ್ರಿಯ ಧಗೆಯಲ್ಲಿ ಉಳಿಯಲು ಅದಕ್ಕೇನು ಹರಕೆ ಇತ್ತಾ? ಆ ಮನೆಯಲ್ಲಿ ಬೇಸಿಗೆ ದಾಟಿ ಉಳಿದಿದ್ದು ಅವ್ವನವರ ಗಿಡಗಳು ಮಾತ್ರ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಖಾಲಿ ಪೇಂಟ್ ಬಕೆಟ್ಟಿನಲ್ಲಿ ದೊಡ್ಡಪತ್ರೆ, ಎಣ್ಣೆ ಡಬ್ಬದಲ್ಲಿ ಪುದೀನ, ಒಡೆದ ಕೊಡದಲ್ಲಿ ಮರುಗ. ಪಾತ್ರೆ ತೊಳೆದ ನೀರೇ ಅವಕ್ಕೆ ಸಾಕು. ಆ ಮರುಗದ ಎಲೆ ಒಂದನ್ನು ಉಗುರಿನಲ್ಲಿ ಚಿವುಟಿದೆ, ಸಂಜೆ ಬಸ್ಸು ಹತ್ತುವ ತನಕ ಬೆರಳಲ್ಲಿ ವಾಸನೆ ಇತ್ತು. ಮನೆಯ ವಿಡಿಯೊ ಮಾಡಲು ಬಂದವರು ಆ ಬಕೆಟ್ಟುಗಳನ್ನು ಪಂಪ್ ಶೆಡ್ಡಿನೊಳಗೆ ಇಟ್ಟು ಬಾಗಿಲು ಹಾಕಿದ್ದರಂತೆ. ಥೀಮಿಗೆ ಹೊಂದಲ್ಲ.

ಹಳೇ ಮನೆಗಳು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಮಣ್ಣಿನ ಮಾಳಿಗೆ ಸೋರುತ್ತಿತ್ತು, ಜಂತಿಯ ಸಂದಿಯಿಂದ ಚೇಳು ಬೀಳುತ್ತಿತ್ತು, ಪ್ರತಿ ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹಾಕಿಸಬೇಕಿತ್ತು. ಆರ್‌ಸಿಸಿ ಬಂದಿದ್ದು ಒಳ್ಳೇದೇ ಆಯಿತು. ಆದರೆ ಆ ದಪ್ಪ ಗೋಡೆ ಹಗಲಿನ ಕಾವನ್ನು ಸಂಜೆ ತನಕ ಹೊರಗೇ ತಡೆಯುತ್ತಿತ್ತು. ಗವಾಕ್ಷಿಯಿಂದ ಬಿಸಿ ಗಾಳಿ ಮೇಲೆ ಹೋಗುತ್ತಿತ್ತು. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ತಂಪೂ ಬರುತ್ತಿತ್ತು, ಘಮವೂ ಬರುತ್ತಿತ್ತು. ಗೋಡೆ, ಗವಾಕ್ಷಿ, ತಟ್ಟಿ ಎಲ್ಲ ಕಿತ್ತು ಹಾಕಿದ ಮೇಲೆ, ಈಗ ಜಿಪ್ಸಮ್ ಬೋರ್ಡಿನ ಮೇಲೆ 'ಮಡ್ ಫಿನಿಶ್' ಬಣ್ಣ ಬಳಿಸುತ್ತಾರೆ. ಮಣ್ಣಿನ ಗೋಡೆ ಅಂದ್ರೆ ಬಡವರದ್ದು, ಮಣ್ಣಿನ ಥರದ ಗೋಡೆ ಅಂದ್ರೆ ಸಾವ್ಕಾರ್ರದ್ದು, ಅಲ್ವಾ?

ಆ ದಿನ ಊಟ ಆಗಿ ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಕರೆಂಟ್ ಹೋಯಿತು. ಎಸಿ ನಿಂತಿತು, ಹಕ್ಕಿ ನಿಂತಿತು, ಮಳೆ ವಾಸನೆ ನಿಂತಿತು. ಗಾಜು ತೆರೆಯೋಣ ಅಂದರೆ ಅದು ಫಿಕ್ಸೆಡ್. ಇನ್ವರ್ಟರ್‌ನಿಂದ ಪ್ರೊಫೈಲ್ ಲೈಟು ಮಾತ್ರ ಉರಿಯಿತು. ಒಬ್ಬೊಬ್ಬರೇ ಎದ್ದು ಹೊರಗೆ ಬಂದೆವು. ಎದುರಿಗೆ ಇನ್ನೂ ಒಡೆಸದ ಹಳೇ ಮನೆ, ಅದರ ಮುಂದೆ ಬೇವಿನ ಮರ, ಮರಕ್ಕೆ ಕಟ್ಟೆ. ಅಲ್ಲಿದ್ದ ಇಬ್ಬರು ಮುದುಕರು ಮಾತು ನಿಲ್ಲಿಸದೆ ಒತ್ತಟ್ಟಿಗೆ ಸರಿದು ಜಾಗ ಕೊಟ್ಟರು. ಯಜಮಾನರೂ ಬಂದು ಕೂತರು. ಬನಿಯನ್ನಿನೊಳಗೆ ಗಾಳಿ ಬಿಟ್ಟುಕೊಂಡು, "ಹಿಂಗಿರ್ಬೇಕು ನೋಡ್ರಿ" ಅಂದರು.

ಡಿಸೈನರ್ ಹುಡುಗನೂ ಊಟಕ್ಕೆ ಬಂದಿದ್ದ. ಕಟ್ಟೆಯನ್ನು ನಾಲ್ಕೂ ಕಡೆಯಿಂದ ಫೋಟೊ ಹೊಡೆದ, ಜೇಬಿನಿಂದ ಟೇಪ್ ತೆಗೆದು ಅಳತೆ ಮಾಡಿದ. ಈಗ ಅವನ ಹೊಸ ಕೊಟೇಶನ್ನಿನಲ್ಲಿ 'ವಿಲೇಜ್ ಕಟ್ಟೆ ಕಾನ್ಸೆಪ್ಟ್' ಸೇರಿದೆ. ಫೈಬರ್‌ನದು, ಚದರಡಿ ಲೆಕ್ಕ. ಬೇವಿನ ಮರ ಆರ್ಟಿಫಿಶಿಯಲ್, ಐದು ವರ್ಷ ಎಲೆ ಉದುರದ ಗ್ಯಾರಂಟಿ. ಆ ಯಜಮಾನರೇ ಮೊದಲ ಗಿರಾಕಿ. ಅಡ್ವಾನ್ಸ್ ಕೊಡುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿದರಂತೆ: "ಆ ಮುದುಕರನ್ನ ಪ್ಯಾಕೇಜ್ನಾಗೆ ಕೊಡ್ತೀಯೋ, ನಾವೇ ತರಿಸಬೇಕೋ?"