ಇಸಿ ನೋಡುತ್ತೇವೆ, ಖಾತೆ ನೋಡುತ್ತೇವೆ, ಮಣ್ಣು ಯಾಕೆ ನೋಡುವುದಿಲ್ಲ?

ಮೈಸೂರಿನಲ್ಲಿ ಸೈಟು ಕೊಳ್ಳುವವರು ಏನೇನು ನೋಡುತ್ತಾರೆ? ಹಿಂದಿನ 30 ವರ್ಷದ ಇಸಿ (ಜಾಗದ ಮೇಲೆ ಸಾಲ, ಮಾರಾಟ ಏನಿದೆ ಅಂತ ತೋರಿಸುವ ಋಣಭಾರ ಪತ್ರ), ಖಾತೆ, ಕನ್ವರ್ಷನ್ ಆದೇಶ, ಪ್ಲಾನ್ ಅಪ್ರೂವಲ್. ಆಮೇಲೆ ವಾಸ್ತು. ಬೋರ್‌ವೆಲ್ ಈಶಾನ್ಯಕ್ಕೇ ಬರಬೇಕು ಅಂತ ಮನೆಯಲ್ಲಿ ಜಗಳ ಬೇರೆ. ಆ ಬೋರ್‌ನಲ್ಲಿ ನೀರಿನ ಜೊತೆ ಇನ್ನೇನು ಬರುತ್ತದೆ ಅಂತ ಕೇಳುವವರು ಕಡಿಮೆ. ನದಿ ಪಕ್ಕದ ಜಾಗ ಅಂದರಂತೂ ಮುಗಿಯಿತು, ವ್ಯೂ ಒಂದಿದ್ದರೆ ಸಾಕು.

ಕಾರ್ಖಾನೆಗಳು ನದಿ ದಂಡೆಗೆ ಬಂದದ್ದು ವ್ಯೂ ನೋಡಲು ಅಲ್ಲವಲ್ಲ. ಒಳಗೆ ತೆಗೆದುಕೊಳ್ಳಲು ನೀರು ಬೇಕಿತ್ತು, ಹೊರಗೆ ಬಿಡಲೂ ಜಾಗ ಬೇಕಿತ್ತು. ಇಂಥ ಒಂದು ಕಾರ್ಖಾನೆ ಮುಚ್ಚಿ, ಶೆಡ್ಡು ಒಡೆದು, ಲೇಔಟ್ ಆಗುವ ಮೊದಲು ಅಲ್ಲಿನ ಮಣ್ಣು ಮತ್ತು ಅಂತರ್ಜಲದ ಪರೀಕ್ಷೆ ಆಗಲೇಬೇಕು. ಆ ವರದಿ ಇಸಿ ಜೊತೆಗೇ ಕೈಗೆ ಸಿಗಬೇಕು. ನಾನು ಹೇಳುವುದು ಇಷ್ಟೇ. ನಂಜನಗೂಡು, ಮೇಟಗಳ್ಳಿ, ಬೆಳಗೊಳದ ಜಾಗಗಳೆಲ್ಲ ಕೆಟ್ಟಿವೆ ಎನ್ನುತ್ತಿಲ್ಲ. ಪರೀಕ್ಷೆ ಮಾಡದೆ ಚೆನ್ನಾಗಿವೆ ಅಂತಲೂ ಹೇಳಲು ಆಗುವುದಿಲ್ಲ, ಅಲ್ವಾ?

2017ರ ಏಪ್ರಿಲ್ ನೆನಪಿದೆಯಾ? ಮೈಸೂರಿನ ಪಕ್ಕದ ಶ್ಯಾದನಹಳ್ಳಿಯಲ್ಲಿ ಖಾಲಿ ಜಾಗಕ್ಕೆ ಕಾಲಿಟ್ಟ ಹುಡುಗನೊಬ್ಬ ಸುಟ್ಟ ಗಾಯದಿಂದ ತೀರಿಕೊಂಡ. ಮೇಲೆ ಬೆಂಕಿ ಕಾಣುತ್ತಿರಲಿಲ್ಲ. ನೆಲದ ಒಳಗೇ ಸುಡುತ್ತಿತ್ತು. ಅಲ್ಲಿ ಕಾರ್ಖಾನೆ ತ್ಯಾಜ್ಯ ಸುರಿದಿದ್ದರು ಎಂಬ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂತು. ಸ್ವಲ್ಪ ದಿನ ಮಾತಾಡಿದೆವು, ಮರೆತೆವು.

ಬೆಂಕಿಯಾದರೆ ಕಾಲಿಗಾದರೂ ಗೊತ್ತಾಗುತ್ತದೆ. ಕ್ರೋಮಿಯಂ ಎಂಬ ಲೋಹ ನೀರಿಗೆ ಸೇರಿದರೆ ಗೊತ್ತಾಗುವುದಿಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ ಒಂದು ಕ್ರೋಮೇಟ್ (ಕ್ರೋಮಿಯಂ ಲವಣ) ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು. ಆದರೆ ಒಂದೂವರೆ ಲಕ್ಷ ಟನ್ನಿಗೂ ಜಾಸ್ತಿ ತ್ಯಾಜ್ಯ ಅಲ್ಲೇ ರಾಶಿ ಬಿದ್ದಿತ್ತು. ಪ್ರತಿ ಮಳೆಗೂ ಅದು ತೊಳೆದುಕೊಂಡು ಭೂಮಿಗೆ ಇಳಿಯಿತು, ಅಂತರ್ಜಲ ಹಳದಿ ಬಣ್ಣಕ್ಕೆ ತಿರುಗಿತು. ಪಕ್ಕದಲ್ಲೇ ಪಾಲಾರ್, ನಮ್ಮ ನಂದಿ ಬೆಟ್ಟದ ಕಡೆ ಹುಟ್ಟುವ ನದಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಇರಬಹುದಾದ ಮಿತಿ ಲೀಟರಿಗೆ ಬರೀ 0.05 ಮಿಲಿಗ್ರಾಂ. ಹಳದಿ ಕಾಣುವ ಹೊತ್ತಿಗೆ ಆ ಮಿತಿ ದಾಟಿ ಬಹಳ ದೂರ ಹೋಗಿರುತ್ತದೆ. ನೀರು ಕಾಯಿಸಿದರೆ ಲೋಹ ಹೋಗುವುದಿಲ್ಲ, ಆವಿ ಹೋದಷ್ಟೂ ಇನ್ನೂ ಗಟ್ಟಿಯಾಗುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮೈಸೂರು-ಮಂಡ್ಯದ ನೆಲ ಗಟ್ಟಿ ಬಂಡೆ. ನೀರು ಇರುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ವಿಷ ಯಾವ ಬಿರುಕು ಹಿಡಿದು ಹೋಯಿತು ಅಂತ ಮೇಲಿನಿಂದ ಹೇಳುವುದು ಕಷ್ಟ. ಪಕ್ಕದ ಬೋರ್ ಚೆನ್ನಾಗಿದ್ದು, ಆಚೆ ಬೀದಿಯದು ಕೆಟ್ಟಿರಬಹುದು. ಮಂಡ್ಯದಲ್ಲಿ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಸುತ್ತಲಿನ ಬಾವಿಗಳ ಮಟ್ಟ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಒಂದು ಸಲ ಸ್ಯಾಂಪಲ್ ತೆಗೆದು 'ಎಲ್ಲ ಸರಿ ಇದೆ' ಅಂತ ಸೀಲು ಒತ್ತಿದರೆ ನಾನು ನಂಬುವುದಿಲ್ಲ.

ಸರಿ, ಕೆಟ್ಟಿದೆ ಅಂತ ಗೊತ್ತಾದರೆ? ಸುಲಭದ ದಾರಿ, ಅಗೆದು ಲಾರಿಗೆ ತುಂಬುವುದು. ಅಪಾಯಕಾರಿ ತ್ಯಾಜ್ಯಕ್ಕೆ ದಾಬಸ್‌ಪೇಟೆಯಲ್ಲಿ ಗುಂಡಿ ಇದೆ. ಲಾರಿ ಅಲ್ಲಿಗೇ ಹೋಯಿತಾ, ದಾರಿಯಲ್ಲಿ ಯಾವುದೋ ಗೋಮಾಳಕ್ಕೆ ತಿರುಗಿತಾ ಎನ್ನುವುದನ್ನು ನೋಡುವವರು ಬೇಕು. ಇನ್ನೊಂದು ದಾರಿ, ಅಂತರ್ಜಲವನ್ನು ಪಂಪು ಹಾಕಿ ಎತ್ತಿ ಶುದ್ಧ ಮಾಡುವುದು. ಮೊದಲಿಗೆ ಅಂಕಿ ಚೆನ್ನಾಗಿ ಇಳಿಯುತ್ತದೆ. ಪಂಪು ನಿಲ್ಲಿಸಿದರೆ ಎಷ್ಟೋ ಕಡೆ ಮತ್ತೆ ಏರುತ್ತದೆ. ಜೇಡಿಯಲ್ಲಿ, ಬಿರುಕಿನಲ್ಲಿ ಹಿಡಿದುಕೊಂಡಿದ್ದು ನಿಧಾನಕ್ಕೆ ಬಿಡುತ್ತಾ ಇರುತ್ತದೆ. ದಶಕಗಟ್ಟಲೆ ನಡೆಯುವ ಕೆಲಸ ಇದು.

ಕಬ್ಬಿನ ಮಂಡ್ಯದವರಿಗೆ ಖುಷಿ ಆಗುವ ದಾರಿಯೂ ಒಂದಿದೆ: ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದ ಪಾಕ! ತಮಾಷೆ ಅಲ್ಲ. ನೀರಿನಲ್ಲಿ ಕರಗಿ ಓಡಾಡುವ ಕ್ರೋಮಿಯಂ ಇರುವ ಕಡೆ ಕೊಳವೆಯಲ್ಲಿ ನೀರು ಬೆರೆಸಿದ ಕಾಕಂಬಿ ಇಳಿಸುತ್ತಾರೆ. ಮಣ್ಣಿನ ಸೂಕ್ಷ್ಮಾಣುಗಳು ಆ ಸಿಹಿ ತಿಂದು ಬೆಳೆಯುತ್ತವೆ, ಅಲ್ಲಿನ ಆಮ್ಲಜನಕ ಖಾಲಿ ಮಾಡುತ್ತವೆ. ಆಗ ಕ್ರೋಮಿಯಂ ರೂಪ ಬದಲಾಗಿ ಮಣ್ಣಿಗೆ ಕಚ್ಚಿಕೊಳ್ಳುತ್ತದೆ, ವಿಷವೂ ಬಹಳ ಕಡಿಮೆ ಆಗುತ್ತದೆ. ಕಂದಕ ತೋಡಿ ಕಬ್ಬಿಣದ ಚೂರು ತುಂಬಿ, ಅದರ ಮೂಲಕ ಅಂತರ್ಜಲ ಹಾಯುವಂತೆ ಮಾಡುವುದೂ ಇದೇ ಜಾತಿಯ ಉಪಾಯ. ಕ್ರೋಮಿಯಂ ಮಾಯವಾಗಿರುವುದಿಲ್ಲ, ಅಲ್ಲೇ ಇರುತ್ತದೆ. ಅದಕ್ಕೇ ಕಾವಲು ಬಾವಿ ಕೊರೆದು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಿರಬೇಕು. (ದಯವಿಟ್ಟು ಯಾರೂ ಸ್ವಂತ ಬೋರ್‌ಗೆ ಕಾಕಂಬಿ ಸುರಿಯಬೇಡಿ!)

ಅಮೆರಿಕದ ಸಿಯಾಟಲ್‌ನಲ್ಲಿ ಕೆರೆ ದಂಡೆಯ ಹಳೇ ಗ್ಯಾಸ್ ಕಾರ್ಖಾನೆ 1956ರಲ್ಲಿ ನಿಂತಿತು, 1975ರಲ್ಲಿ ಅಲ್ಲಿ ಪಾರ್ಕ್ ಆಯಿತು. ಆಮೇಲೂ ಮಣ್ಣಿನಲ್ಲಿ ಡಾಂಬರಿನಂಥ ವಿಷ ಸಿಗುತ್ತಲೇ ಹೋಯಿತು. ಅಷ್ಟು ದುಡ್ಡಿರುವ ಊರಿನ ಕಥೆಯೇ ಹೀಗೆ.

ನಮ್ಮಲ್ಲಿ ಕಾನೂನು ಇಲ್ಲ ಅಂತ ಈಗ ಹೇಳುವಂತಿಲ್ಲ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆ ನಿಯಮ ತಂದಿದೆ. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು. ಕೆಡಿಸಿದವರೇ ಖರ್ಚು ಹೊರಬೇಕು. ಆಗ ದೇಶದಲ್ಲಿ ಗುರುತಿಸಿದ್ದ ಜಾಗ 103, ಶುದ್ಧಿ ಶುರುವಾಗಿದ್ದದ್ದು 7ರಲ್ಲಿ. ಶುದ್ಧಿ ಕೆಲಸ ಇಂಥ ದಿನದೊಳಗೆ ಮುಗಿಯಬೇಕು ಎಂಬ ಗಡುವು ಮಾತ್ರ ಆ ನಿಯಮದಲ್ಲಿ ಇಲ್ಲ. ಗಡುವಿಲ್ಲದಿದ್ದರೆ ಏನಾಗುತ್ತದೆ? ರಾಜಸ್ಥಾನದ ಬಿಚ್ರಿಯಲ್ಲಿ ರಾಸಾಯನಿಕ ಕಾರ್ಖಾನೆಗಳು ಊರಿನ ಬಾವಿಗಳನ್ನೇ ಕೆಡಿಸಿದವು. ಕೆಡಿಸಿದವರೇ ದುಡ್ಡು ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತು. ಅರ್ಜಿ ಮೇಲೆ ಅರ್ಜಿ ಹಾಕುತ್ತಾ 2011ರವರೆಗೂ ಕೇಸು ಎಳೆದರು.

ಹಾಗಾಗಿ ಮೈಸೂರು ಮತ್ತು ಮಂಡ್ಯ ಡಿಸಿ ಕಚೇರಿಗಳಿಗೆ ಒಂದೊಂದು ಆರ್‌ಟಿಐ ಹಾಕುತ್ತಿದ್ದೇನೆ. ಆ ನಿಯಮದ ಪ್ರಕಾರ ಪಟ್ಟಿ ಮಾಡಿದ್ದೀರಾ, ಮಾಡಿದ್ದರೆ ಪ್ರತಿ ಕೊಡಿ ಅಂತ. ನಿಮ್ಮೂರಿನಲ್ಲಿ ಹೊಳೆ, ಕೆರೆ, ನಾಲೆ ಪಕ್ಕ ಮುಚ್ಚಿದ ಕಾರ್ಖಾನೆ ಇದ್ದರೆ ಸರ್ವೆ ನಂಬರ್ ಇನ್‌ಬಾಕ್ಸ್ ಮಾಡಿ. ಅರ್ಜಿ 150 ಪದದೊಳಗೆ ಇರಬೇಕು, ಅದಕ್ಕೇ ಕಥೆ ಬೇಡ, ನಂಬರ್ ಮಾತ್ರ ಸಾಕು.